ಹೊಸ ಗಾಜಿಗೆ ಮತ್ತೆ ಪೂಜೆ ಬೇಕೆ?

ಗಾಜು ಬದಲಾಯಿಸಿದ ಮೇಲೆ ಗಾಡಿಗೆ ಇನ್ನೊಮ್ಮೆ ಪೂಜೆ ಮಾಡಿಸಬೇಕೆ ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಟ್ಯಾಕ್ಸಿಯವರು ಕೇಳುವುದಿಲ್ಲ, ಅವರಿಗೆ ಸಂಜೆಯೊಳಗೆ ಬಾಡಿಗೆ ಹಿಡಿಯುವ ಅವಸರ. ಕೇಳುವವರು ದೊಡ್ಡ ಗಾಡಿಯವರು. ನಾನು ಗಾಜು ಕೂರಿಸುವವನು, ಪುರೋಹಿತನಲ್ಲ. ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕೆಲಸ ಕಲಿತು, ಈಗ ಹೆಬ್ಬಾಳದ ಹತ್ತಿರ ಸ್ವಂತ ಅಂಗಡಿ ಇಟ್ಟುಕೊಂಡಿದ್ದೇನೆ. ಆದರೆ ನಾನು ಮೂಡುಬಿದಿರೆ ಕಡೆಯ ಜೈನ, ಅಪ್ಪ ಬಸದಿಯಲ್ಲಿ ಇಂದ್ರರು, ಅಂದರೆ ಅರ್ಚಕರಾಗಿದ್ದರು ಎಂದು ತಿಳಿದರೆ ಸಾಕು, "ಹಾಗಾದರೆ ನಿಮಗೆ ಶಾಸ್ತ್ರ ಗೊತ್ತಿರಬೇಕಲ್ಲ" ಎಂದು ಬಾಗಿಲಿಗೆ ಒರಗಿ ನಿಂತುಬಿಡುತ್ತಾರೆ.

ಈ ಪ್ರಶ್ನೆ ನನ್ನನ್ನು ನಿಜವಾಗಿ ಹಿಡಿದು ಅಲ್ಲಾಡಿಸಿದ್ದು ಒಂದು ರೋಲ್ಸ್ ರಾಯ್ಸ್ ಫ್ಯಾಂಟಮ್‌ನ ಮುಂದೆ. ಗಾಡಿಯ ಯಜಮಾನರದು ದೇವನಹಳ್ಳಿ ಆಚೆಯ ತೋಟದ ಮನೆ. ತೋಟದ ಹುಡುಗ ಹುಲ್ಲು ಕತ್ತರಿಸುವ ಮೆಷಿನ್ ಓಡಿಸುತ್ತಿದ್ದಾಗ ಕಲ್ಲೊಂದು ಸಿಡಿದು ಹಿಂಬಾಗಿಲ ಗಾಜಿಗೆ ಬಿದ್ದಿತ್ತು. ಪಕ್ಕದ ಗಾಜು ಒಡೆಯುವುದಕ್ಕೆ ನಾನು ನೋಡಿರುವ ಕಾರಣಗಳಲ್ಲಿ ಈ ಮೆಷಿನ್ನಿನದು ದೊಡ್ಡ ಪಾಲು, ಕಳ್ಳರು ಆಮೇಲೆ. 9 ಕೋಟಿಗೂ ಮೇಲಿನ ಗಾಡಿ, ಗೋಲಿಯಷ್ಟು ಗಾತ್ರದ ಕಲ್ಲು.

ಗಾಜಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಗಾಳಿಯಲ್ಲಿ ನಿಲ್ಲುತ್ತದೆ. ಸಾಧಾರಣ ಕಾರಿನ ಪಕ್ಕದ ಗಾಜು ಟಫನ್ಡ್. ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ರಭಸವಾಗಿ ತಣ್ಣನೆಯ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ನಿಧಾನವಾಗಿ ತಣಿಯುತ್ತ ಕುಗ್ಗಲು ನೋಡುತ್ತದೆ, ಹೊರಮೈ ಬಿಡುವುದಿಲ್ಲ. ಮೈಯಲ್ಲಿ ಒತ್ತಡ, ಒಡಲಲ್ಲಿ ಎಳೆತ. ಈ ಜಗಳವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಆ ಗಾಜು ಬದುಕುತ್ತದೆ. ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಬಲ ಬರುವುದು ಅದರಿಂದಲೇ, ಸಾವು ಬರುವುದೂ ಅದರಿಂದಲೇ. ಗೀರೊಂದು ಒಳಗಿನ ಎಳೆತದ ಪದರವನ್ನು ಮುಟ್ಟಿದರೆ ಇಡೀ ಗಾಜು ಕಣ್ಣು ಮಿಟುಕಿಸುವುದರೊಳಗೆ ಕಲ್ಲುಸಕ್ಕರೆಯ ಚೂರಿನಂತೆ ಸುರಿದುಬೀಳುತ್ತದೆ. ಅದನ್ನು ಕೊಯ್ಯಲಾಗದು, ತೂತು ಕೊರೆಯಲಾಗದು. ರಿಪೇರಿ ಎಂಬ ಮಾತೇ ಅಲ್ಲಿಲ್ಲ.

ಫ್ಯಾಂಟಮ್‌ನದು ಬೇರೆ ಜಾತಿ. 2017ರಲ್ಲಿ ಬಂದ ಎಂಟನೆಯ ತಲೆಮಾರಿನ ಈ ಗಾಡಿಗೆ ಸುತ್ತಲೂ ಎರಡು ಪದರದ, 6 ಮಿಲಿಮೀಟರ್ ದಪ್ಪದ ಗಾಜು. ಒಳಗೆ ಕೂತವರಿಗೆ ಹೊರಗಿನ ಸದ್ದು ಕೇಳಬಾರದೆಂದು 130 ಕಿಲೋಗಿಂತ ಹೆಚ್ಚು ಸದ್ದು ತಡೆಯುವ ಸಾಮಾನು ತುಂಬಿದ್ದಾರೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳು ಪೊರೆ ಅಂಟಿಸುವ ಈ ವಿದ್ಯೆ ಹುಟ್ಟಿದ್ದು 1903ರಲ್ಲಿ, ಫ್ರಾನ್ಸಿನ ಬೆನೆಡಿಕ್ಟಸ್ ಎಂಬ ರಸಾಯನ ಶಾಸ್ತ್ರಜ್ಞನ ಕೈತಪ್ಪಿ ಬಿದ್ದ ಬುಡ್ಡಿಯಿಂದ. ಒಳಗೆ ಒಣಗಿ ಅಂಟಿಕೊಂಡಿದ್ದ ಪೊರೆಯ ದೆಸೆಯಿಂದ ಬುಡ್ಡಿ ಬಿರಿಯಿತು, ಚೆದುರಲಿಲ್ಲ. ಯಜಮಾನರ ಗಾಡಿಯಲ್ಲೂ ಹಾಗೆಯೇ. ಹೊರಗಿನ ಪದರ ಬಿರುಕುಬಿಟ್ಟು ಹಬ್ಬಿತ್ತು, ಒಂದು ಚೂರೂ ಸೀಟಿನ ಮೇಲೆ ಬಿದ್ದಿರಲಿಲ್ಲ. ಅವರ ತಾಯಿಗೆ ಅದೇ ಹೆಚ್ಚು ಹೆದರಿಕೆ. ಬಿದ್ದುಹೋಗಿದ್ದರೆ ದೃಷ್ಟಿ ಕಳೆಯಿತು ಎನ್ನಬಹುದಿತ್ತಂತೆ. ಇದು ಒಡೆದೂ ನಿಂತಿದೆ, ಏನೋ ಹೇಳುತ್ತಿದೆ ಎಂದರು.

ಗಾಜನ್ನು ಯಜಮಾನರೇ ಹೊರದೇಶದಿಂದ ತರಿಸಿದ್ದರು. ನನ್ನ ಕೆಲಸ ಕೂರಿಸುವುದಷ್ಟೇ. ಡೋರ್ ಪ್ಯಾಡ್ ಬಿಚ್ಚಿದೆ, ತೇವ ತಡೆಯುವ ಹಾಳೆಯನ್ನು ಹರಿಯದಂತೆ ಸುಲಿದೆ, ಬೀಡಿಂಗ್ ತೆಗೆದೆ, ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರ್‌ನ ಹಿಡಿತ ಸಡಿಲಿಸಿದೆ. ಹಾಸಿದ ಕಂಬಳಿಯ ಮೇಲೆ ಸ್ಕ್ರೂ, ಕ್ಲಿಪ್, ಸ್ಪೀಕರ್ ಎಲ್ಲ ಸಾಲಾಗಿ. ಹೊಸ ಗಾಜು ಕೂತ ಮೇಲೆ ಅದಕ್ಕೆ ಮೇಲು ಕೆಳಗಿನ ಅಂಚು ಯಾವುದೆಂದು ಗುರುತು ಹಿಡಿಸಬೇಕು. ಇಲ್ಲದಿದ್ದರೆ ಮಗುವಿನ ಬೆರಳು ಸಿಕ್ಕರೆ ತಾನಾಗಿ ಇಳಿಯುವ ಬುದ್ಧಿ ಆ ಬಾಗಿಲಿಗೆ ಇರುವುದಿಲ್ಲ. ಎಲ್ಲ ಮುಗಿಯಿತು ಎನ್ನುವಾಗ ಯಜಮಾನರು ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿದರು. ಗಾಜಿನ ಮೂಲೆಯ ಅಚ್ಚಿನಲ್ಲಿ ಅದು ತಯಾರಾದ ವರ್ಷ ತಿಂಗಳುಗಳ ಗುರುತು ಅಂಕಿ ಚುಕ್ಕಿಗಳಲ್ಲಿ ಇರುತ್ತದೆ. ಉಳಿದ ಗಾಜುಗಳಲ್ಲಿ ಒಂದು ಅಂಕಿ, ಇದರಲ್ಲಿ ಇನ್ನೊಂದು.

"ಹಾಗಾದರೆ ಇದು ನಾನು ಪೂಜೆ ಮಾಡಿಸಿದ ಗಾಡಿ ಅಲ್ಲ, ಅಲ್ಲವಾ?" ಎಂದರು.

ನಗಬಹುದು. ಆದರೆ ಇದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದಿನ ಪಾಲಿ ಗ್ರಂಥವೊಂದು ಗಂಭೀರವಾಗಿ ಎತ್ತಿಕೊಂಡಿದೆ. 'ಮಿಲಿಂದಪಞ್ಹ'ದಲ್ಲಿ ಗ್ರೀಕ್ ಮೂಲದ ರಾಜ ಮಿಲಿಂದ ರಥ ಏರಿ ಬಂದಿರುತ್ತಾನೆ. ಭಿಕ್ಷು ನಾಗಸೇನ ಅವನನ್ನು ವಿಚಾರಿಸುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ನೊಗ, ಲಗಾಮು? ಎಲ್ಲಕ್ಕೂ ರಾಜ ಅಲ್ಲ ಎನ್ನುತ್ತಾನೆ. ಇವೆಲ್ಲವನ್ನೂ ಬಿಟ್ಟು ಬೇರೆ ಎಲ್ಲೋ ರಥವಿದೆಯೇ? ಅದೂ ಇಲ್ಲ. ಹಾಗಾದರೆ ನೀನು ಏರಿ ಬಂದ ರಥ ಎಲ್ಲಿದೆ ಮಹಾರಾಜ ಎಂದು ಭಿಕ್ಷು ಗೆಲ್ಲುತ್ತಾನೆ. ಭಾಗಗಳು ಕೂಡಿದಾಗ ಬಳಕೆಗೆಂದು ಇಟ್ಟುಕೊಂಡ ಹೆಸರು ರಥ, ಹಾಗೆಯೇ ನಾನು ಎಂಬುದೂ ಒಂದು ಹೆಸರು ಎಂಬುದು ಅವನ ತೀರ್ಮಾನ.

ಕೇಳಲು ಚೆಂದ. ರಾಜಸಭೆಯಲ್ಲಿ ಗೆಲ್ಲುವ ಈ ಮಾತು ಗ್ಯಾರೇಜಿನಲ್ಲಿ ಪೂರ್ತಿ ನಿಲ್ಲುವುದಿಲ್ಲ ಎಂದು ನನ್ನ ಅನಿಸಿಕೆ. ಬಿಚ್ಚಿಟ್ಟ ಭಾಗಗಳ ಮುಂದೆ ಕೂತವನಿಗೆ ಗೊತ್ತು, ಒಂದು ಕ್ಲಿಪ್ಪು ಅದರ ಜಾಗದಲ್ಲಿ ಕೂರದಿದ್ದರೆ ಬಾಗಿಲು ದಾರಿಯುದ್ದಕ್ಕೂ ಕಟಕಟ ಎನ್ನುತ್ತದೆ. ಸಮುದ್ರದಾಚೆಯಿಂದ ಬಂದ ಗಾಜು ಇಲ್ಲಿನ ರಬ್ಬರಿನ ಜಾಡಿನಲ್ಲಿ ಸಿಲುಕದೆ ಸರಾಗವಾಗಿ ಜಾರುತ್ತದೆ ಎಂದರೆ, ಇಂಥದ್ದೇ ಬೇಕು ಎಂದು ಕೇಳುವ ಏನೋ ಒಂದು ಅಲ್ಲಿದೆ. ಬರೀ ಹೆಸರು ಹಾಗೆ ಕೇಳುವುದಿಲ್ಲ. ವೈಶೇಷಿಕ ದರ್ಶನದವರು ಇನ್ನೊಂದು ತುದಿಗೆ ಹೋದರು: ಅವಯವಿ, ಅಂದರೆ ಭಾಗಗಳು ಕೂಡಿ ಇಡಿಯಾದದ್ದು, ಅವಯವಗಳಿಗಿಂತ ಬೇರೆಯಾದ, ನಿಜವಾದ ವಸ್ತು, ಬಟ್ಟೆಯಿಂದ ಒಂದು ತುಂಡು ಹರಿದರೆ ಹಳೆಯ ಬಟ್ಟೆ ನಾಶವಾಯಿತು, ಉಳಿದದ್ದು ಹೊಸ ಬಟ್ಟೆ. ಇದನ್ನು ಒಪ್ಪಿದರೆ ಯಜಮಾನರು ವೈಪರ್ ಬದಲಾಯಿಸಿದಾಗಲೆಲ್ಲ ತೆಂಗಿನಕಾಯಿ ಒಡೆಯಬೇಕಾಗುತ್ತದೆ. ಆರ್‌ಟಿಓದವರೇ ಇವರಿಬ್ಬರಿಗಿಂತ ವ್ಯವಹಾರಸ್ಥರು. ಆರ್‌ಸಿಯಲ್ಲಿ ಚಾಸಿ ನಂಬರ್ ಇದೆ, ಎಂಜಿನ್ ನಂಬರ್ ಇದೆ, ಗಾಜಿನ ನಂಬರ್ ಇಲ್ಲ.

ನನಗೆ ಉತ್ತರ ಸಿಕ್ಕಿದ್ದು ಮನೆಯಲ್ಲಿ ಕೇಳಿ ಬೆಳೆದದ್ದರಿಂದಲೇ. ದಶಲಕ್ಷಣ ಪರ್ವದ ಹತ್ತು ದಿನವೂ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದುತ್ತೇವೆ. ಐದನೆಯ ದಿನ ಅಪ್ಪ ದನಿ ಸ್ವಲ್ಪ ಏರಿಸುತ್ತಿದ್ದರು. ಇರುವ ಯಾವ ವಸ್ತುವಿಗೂ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ ಇವೆ ಎಂದು ಸೂತ್ರಕಾರ ಉಮಾಸ್ವಾತಿ ಹೇಳುವುದು ಆ ಅಧ್ಯಾಯದಲ್ಲಿ. ದ್ರವ್ಯ ಉಳಿಯುತ್ತದೆ, ಪರ್ಯಾಯ, ಅಂದರೆ ಅದರ ರೂಪ, ಬದಲಾಗುತ್ತದೆ. ನಾಗಸೇನ ಅಳಿವನ್ನಷ್ಟೇ ಕಂಡ, ವೈಶೇಷಿಕರು ಅಳಿವು ಹುಟ್ಟುಗಳನ್ನು ಕಂಡರು, ಉಳಿವನ್ನು ಕೈಬಿಟ್ಟರು ಎಂದು ಅಪ್ಪನ ಪಕ್ಷ. ಅವರು ಸ್ವಲ್ಪ ಪಕ್ಷಪಾತಿ, ಇರಲಿ.

ಇದನ್ನು ತರ್ಕದಿಂದ ಬಾಳಿಗೆ ಇಳಿಸಿದವರು 'ಆಪ್ತಮೀಮಾಂಸೆ' ಬರೆದ ಆಚಾರ್ಯ ಸಮಂತಭದ್ರರು. ಅವರದೊಂದು ದೃಷ್ಟಾಂತವಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರು. ಕೊಡ ಬೇಕಿದ್ದವನು ಅತ್ತ, ಕಿರೀಟ ಬೇಕಿದ್ದವನು ಹಿಗ್ಗಿದ, ಚಿನ್ನ ಬೇಕಿದ್ದವನು ಸುಮ್ಮನಿದ್ದ. ಮೂವರ ಮನಸ್ಸೂ ಸುಳ್ಳಲ್ಲ, ಮೂರಕ್ಕೂ ವಸ್ತುವಿನಲ್ಲಿ ಕಾರಣವಿದೆ.

ತೋಟದ ಮನೆಯಲ್ಲಿ ನಾವೂ ಮೂವರಿದ್ದೆವು. ಮಚ್ಚೆಯಿಲ್ಲದ ಗಾಡಿ ಬೇಕಿದ್ದ ಯಜಮಾನರಿಗೆ ದುಃಖ. ನನಗೆ, ಮುಚ್ಚಿಡುವುದೇಕೆ, ಸಂತೋಷ. ಇಂಥ ಗಾಜು ಕೂರಿಸುವ ಅವಕಾಶ ನನ್ನಂಥವನಿಗೆ ಅಪರೂಪ, ಕೂಲಿಯೂ ಚೆನ್ನಾಗಿತ್ತು. ಮೂರನೆಯವರು ಇನ್ಶೂರೆನ್ಸ್ ಸರ್ವೇಯರ್. ಅವರು ಫೋಟೊ ತೆಗೆದರು, ಚಹಾ ಕುಡಿದರು, ಯಾವ ಭಾವವೂ ಇಲ್ಲದೆ ಬರೆದುಕೊಂಡರು. ಅವರ ಲೆಕ್ಕದಲ್ಲೂ ಒಂದು ತತ್ತ್ವವಿದೆ. ಮೋಟಾರು ವಿಮೆಯ ನಿಯಮದಂತೆ ರಬ್ಬರು ಪ್ಲಾಸ್ಟಿಕ್ಕಿನ ಭಾಗಗಳಿಗೆ ಅರ್ಧದಷ್ಟು ಸವಕಳಿ ಕಳೆಯುತ್ತಾರೆ, ಗಾಜಿಗೆ ಮಾತ್ರ ಸೊನ್ನೆ. ಲೋಕದಲ್ಲಿ ಮುಪ್ಪಿಲ್ಲದ ವಸ್ತು ಒಂದಿದೆ ಎಂದು ಒಪ್ಪಿಕೊಂಡವರು ವಿಮೆಯವರು ಮಾತ್ರ.

ಆದರೆ ಆ ಸರ್ವೇಯರರನ್ನು ಸಮಂತಭದ್ರರ ಮೂರನೆಯವನ ಜಾಗದಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ಆ ಮೂರನೆಯವನಿಗೆ ಬೇಕಾದದ್ದು ಇತ್ತು, ಅದು ಉಳಿಯುವಂಥದ್ದಾಗಿತ್ತು, ಅದಕ್ಕೇ ಅವನು ಅಳಲಿಲ್ಲ. ಸರ್ವೇಯರರಿಗೆ ಅಲ್ಲಿ ಏನೂ ಬೇಕಿರಲಿಲ್ಲ. ಈ ಎರಡು ಸುಮ್ಮನಿರುವಿಕೆಗಳನ್ನು ನಾವು ದಿನವೂ ಕಲಸಿಬಿಡುತ್ತೇವೆ. ಯಾವುದೂ ಬೇಡದವನನ್ನು ವಿರಾಗಿ ಎಂದು ಕೈಮುಗಿಯುತ್ತೇವೆ, ಅವನು ಕೆಲವೊಮ್ಮೆ ಬರೀ ಬೇಜಾರು ಬಂದವನಾಗಿರುತ್ತಾನೆ.

ಯಜಮಾನರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಸರ್, ಪೂಜೆ ಮಾಡಿಸಿದ್ದು ಯಾತಕ್ಕೆ?" ಎಂದು ಕೇಳಿದೆ. "ಹೋದವರು ಕ್ಷೇಮವಾಗಿ ಮನೆಗೆ ಬರಲಿ ಅಂತ" ಎಂದರು. ಹಾಗಿದ್ದರೆ ಅದಕ್ಕೇನೂ ಆಗಿಲ್ಲ. ಕಲ್ಲು ಬಿದ್ದರೂ ಒಳಗೆ ಕೂರುವವರಿಗೆ ಚೂರು ತಾಗದಂತೆ ಗಾಜು ನಿಂತಿತಲ್ಲ, ಕೇಳಿಕೊಂಡದ್ದೂ ಅದನ್ನೇ ತಾನೆ. ಭಿನ್ನವಾದ ಮೂರ್ತಿಯನ್ನು ಪೂಜೆಯಿಂದ ತೆಗೆದು ನೀರಿಗೆ ಬಿಡುತ್ತಾರೆ, ನಿಜ. ಆದರೆ ಗಾಡಿಯನ್ನು ಯಾರೂ ಪ್ರತಿಷ್ಠೆ ಮಾಡಿರುವುದಿಲ್ಲ, ಅದರಲ್ಲಿ ಹೋಗಿ ಬರುವವರಿಗಾಗಿ ಪೂಜೆ ಮಾಡಿಸಿರುತ್ತಾರೆ.

ತಾಯಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅಪಶಕುನವೇ ಸರಿ, ಬೂದುಗುಂಬಳ ಒಡೆಸಬೇಕು ಎಂದು ಹಟ. ಬೂದುಗುಂಬಳ ಕೊಯ್ದು ಕುಂಕುಮ ತುಂಬಿ ಒಡೆಯುವುದನ್ನು ನೋಡಿದಾಗಲೆಲ್ಲ ನನಗೆ ಜನ್ನನ 'ಯಶೋಧರ ಚರಿತೆ' ನೆನಪಾಗುತ್ತದೆ. ನಮ್ಮ ಕಡೆ ನವರಾತ್ರಿಯ ಅಷ್ಟಮಿಯನ್ನು ಜೀವದಯಾಷ್ಟಮಿ ಎಂದು ಆಚರಿಸಿ, ಆ ಕಥೆ ಕೇಳುತ್ತೇವೆ. ಅಲ್ಲಿಯೂ ಹೀಗೆಯೇ: ಮಗ ಕೆಟ್ಟ ಕನಸು ಕಂಡೆ ಎನ್ನುತ್ತಾನೆ, ತಾಯಿ ಚಂದ್ರಮತಿ ಅದನ್ನು ಅಪಶಕುನವೆಂದು ಹೆದರಿ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲಾರೆ ಎಂದು ಮಗ, ಬಿಡಲಾರೆ ಎಂದು ತಾಯಿ. ಕೊನೆಗೆ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾರೆ. ಅದೂ ಕೊಂದದ್ದೇ ಎಂದು ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ನವೆಯುತ್ತಾರೆ. ಚಿಕ್ಕಂದಿನಲ್ಲಿ ಇದು ಅನ್ಯಾಯವೆನಿಸುತ್ತಿತ್ತು. ಹಿಟ್ಟಿಗೆ ನೋವೇನು? ಈಗ ಹಾಗನಿಸುವುದಿಲ್ಲ. ನಮ್ಮ ಭಯವನ್ನು ಇನ್ನೊಂದರ ಮೈಮೇಲೆ ತೀರಿಸಿಕೊಳ್ಳುವುದಕ್ಕೆ ಮನಸ್ಸು ಒಮ್ಮೆ ಒಗ್ಗಿದರೆ, ಮುಂದೆ ಆ ಮೈ ಹಿಟ್ಟಿನದೋ ಜೀವದ್ದೋ ಎಂದು ಅದು ಹೆಚ್ಚು ವಿಚಾರಿಸುವುದಿಲ್ಲ.

ಅದನ್ನು ಆ ಮಧ್ಯಾಹ್ನವೇ ಕಂಡೆ. ಕ್ಲೇಮು ಹಾಕಿದ್ದರಿಂದ ಯಜಮಾನರ ನೋ ಕ್ಲೇಮ್ ಬೋನಸ್ ಹೋಗುತ್ತಿತ್ತು. ಐದು ವರ್ಷ ಕ್ಲೇಮಿಲ್ಲದೆ ಬಂದವರಿಗೆ ಪ್ರೀಮಿಯಂನಲ್ಲಿ ಗಾಡಿಯ ಹಾನಿಗೆಂದು ಕಟ್ಟುವ ಭಾಗದ ಮೇಲೆ ಶೇಕಡಾ 50 ರಿಯಾಯಿತಿ. ಅಂಥ ಗಾಡಿಗೆ ಅದು ಸಣ್ಣ ಮೊತ್ತವಲ್ಲ. ಅದರ ಸಂಕಟ ಎಲ್ಲಿಗಾದರೂ ಇಳಿಯಬೇಕಲ್ಲ, ಹುಲ್ಲು ಕತ್ತರಿಸಿದ ಹುಡುಗನ ಸಂಬಳದಲ್ಲಿ ತಿಂಗಳು ತಿಂಗಳು ಇಷ್ಟಿಷ್ಟು ಹಿಡಿಯುವುದೆಂದು ಗೊತ್ತಾಯಿತು. ರಾಯಚೂರು ಕಡೆಯವನು, ಗೇಟಿನ ಹತ್ತಿರ ನಿಂತಿದ್ದ. ಡ್ರೈವರ್ ನನ್ನ ಕಿವಿಯಲ್ಲಿ, "ಅಣ್ಣ, ಗಾಡಿಯನ್ನು ಅಲ್ಲಿ ನಿಲ್ಲಿಸು ಅಂದಿದ್ದು ಯಜಮಾನರೇ" ಎಂದ. ಸಂಬಳ ಹಿಡಿದರೆ ಗಾಜಿನ ಬೆಲೆಯ ಒಂದು ಮೂಲೆಯೂ ಹುಟ್ಟುವುದಿಲ್ಲ ಎಂದು ಯಜಮಾನರಿಗೂ ಗೊತ್ತು. "ದುಡ್ಡಿಗಲ್ಲ ರೀ, ಬುದ್ಧಿ ಬರಲಿ ಅಂತ" ಎಂದರು.

ಪರಿಗ್ರಹ ಎಂದರೆ ಮನೆಯಲ್ಲಿರುವ ವಸ್ತುವಲ್ಲ, ವಸ್ತುವಿನ ಮೇಲೆ ಮೈಮರೆತ ಮೋಹ ಎಂಬ ಅರ್ಥದ ಮಾತು ಅದೇ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಹಾಗಾಗಿ 9 ಕೋಟಿಯ ಗಾಡಿ ಇಟ್ಟುಕೊಂಡದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ಹಳೆಯ ಸ್ಕೂಟರಿನ ಕನ್ನಡಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿದ್ದನ್ನು ನಾನು ಕಂಡಿದ್ದೇನೆ. ಆದರೆ ಆ ಹಿಡಿತಕ್ಕೆ ಬೂದುಗುಂಬಳವೂ ಸಾಲದೆ ಹುಡುಗನೊಬ್ಬ ಬೇಕಾದನಲ್ಲ, ಆ ಮನೆಯಲ್ಲಿ ನನಗೆ ಕಂಡ ಅಪಶಕುನ ಅದೊಂದೇ. ಬಿಲ್ಲಿನ ಜೊತೆಗೆ ಇದನ್ನೂ ಮೆಲ್ಲಗೆ ಹೇಳಿದೆ. ಅವರು ಬಿಲ್ಲು ಓದಿದರು, ಇದಕ್ಕೆ ಉತ್ತರ ಕೊಡಲಿಲ್ಲ.

ಇದನ್ನು ಓದುವ ಗಾಡಿಯವರಿಗೆ ನನ್ನ ಉತ್ತರ ಇಷ್ಟೇ. ಗಾಜು ಬದಲಾದರೆ ಮತ್ತೆ ಪೂಜೆ ಬೇಕಿಲ್ಲ. ಮನೆಯ ಹಿರಿಯರ ಸಮಾಧಾನಕ್ಕೆ ಒಂದು ಕಾಯಿ ಒಡೆಸಿ, ನನ್ನ ಅಡ್ಡಿಯಿಲ್ಲ. ಗಾಜಿಗೆ ಸವಕಳಿ ಕಳೆಯುವುದಿಲ್ಲ, ಹೋಗುವ ಬೋನಸ್ಸಿಗಿಂತ ಗಾಜಿನ ಬೆಲೆ ಹೆಚ್ಚಾದರೆ ಕ್ಲೇಮು ಹಾಕಿ. ಕೆಲಸದವರ ಸಂಬಳ ಮುಟ್ಟಬೇಡಿ. ಹುಲ್ಲು ಕತ್ತರಿಸುವ ದಿನ ಗಾಡಿಯನ್ನು ಶೆಡ್ಡಿನೊಳಗೆ ನಿಲ್ಲಿಸಿ.