ಗಾಡಿ ಅಪ್ಪನದು, ಲೆಕ್ಕ ಮಗನದು

ಪಿಯುಸಿ ಫಲಿತಾಂಶದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಹಳೆಯ ವ್ಯಾಪಾರ ಕುದುರುತ್ತದೆ. ‘ತೊಂಬತ್ತು ದಾಟಿಸು, ಗಾಡಿ ಕೊಡಿಸ್ತೀನಿ’ ಎಂದು ಅಪ್ಪ ಎಂದೋ ಹೇಳಿರುತ್ತಾರೆ. ಮಗ ದಾಟಿಸಿಬಿಡುತ್ತಾನೆ. ಕೊಟ್ಟ ಮಾತಿಗೆ ತಪ್ಪುವ ಹಾಗಿಲ್ಲ. ಸೊಸೈಟಿ ಸಾಲವೋ, ಅಡಿಕೆ ಮಾರಿದ ದುಡ್ಡೋ, ಅಮ್ಮನ ಚೀಟಿ ಹಣವೋ ಒಟ್ಟಾಗಿ ಮನೆ ಮುಂದೆ ಹಾರ ಹಾಕಿಕೊಂಡ ಗಾಡಿ ನಿಲ್ಲುತ್ತದೆ. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ, ಫೋಟೊ ಸ್ಟೇಟಸ್‌ಗೆ ಏರುತ್ತದೆ. ಮುಂದಿನ ಐದು ವರ್ಷ ಆ ಗಾಡಿ ಏನೇನು ಕೇಳುತ್ತದೆ, ಅದನ್ನು ಯಾರು ಕೊಡಬೇಕು ಎಂಬ ಮಾತು ಮಾತ್ರ ಆ ದಿನ ಯಾರ ಬಾಯಲ್ಲೂ ಬರುವುದಿಲ್ಲ.

ಬಹುಮಾನವಾಗಿ ಬಂದ ವಸ್ತುವಿಗೆ ಆಮೇಲೆ ಷರತ್ತು ಹಾಕುವುದು ಕಷ್ಟ. ‘ಅಂಕ ತೆಗೆದಿದ್ದೀನಿ, ಗಾಡಿ ನನ್ನದು’ ಎಂಬ ಮಗನ ವಾದದಲ್ಲಿ ತಪ್ಪು ಹುಡುಕಲೂ ಆಗದು, ಏಕೆಂದರೆ ಒಪ್ಪಂದ ಹಾಗೇ ಇತ್ತು. ಆದ್ದರಿಂದ ಅಂಕಕ್ಕೂ ಗಾಡಿಗೂ ಗಂಟು ಹಾಕುವುದನ್ನು ಬಿಡುವುದೇ ಮೊದಲ ಹೆಜ್ಜೆ. ಅಂಕಕ್ಕೆ ಪುಸ್ತಕವೋ, ಊಟವೋ, ಪ್ರವಾಸವೋ ಬಹುಮಾನವಾಗಲಿ. ಗಾಡಿಯ ಪ್ರಶ್ನೆ ಬೇರೆಯೇ ಆಗಿ ಬರಲಿ: ಕಾಲೇಜು ಎಷ್ಟು ದೂರ? ಬೆಳಗಿನ ಬಸ್ಸು ಸಿಗುತ್ತದೆಯೇ? ಲ್ಯಾಬ್ ಮುಗಿದ ಮೇಲೆ ಸಂಜೆ ಬಸ್ಸಿದೆಯೇ? ವಿದ್ಯಾರ್ಥಿ ಪಾಸಿನಲ್ಲಿ ಮುಗಿಯುವ ಪ್ರಯಾಣಕ್ಕೆ ಗಾಡಿ ಬೇಕೇ? ಈ ಪ್ರಶ್ನೆಗಳಿಗೆ ಮಗ ಅಥವಾ ಮಗಳೇ ಉತ್ತರ ಹುಡುಕಿ ತಂದರೆ ಅರ್ಧ ಪಾಠ ಅಲ್ಲೇ ಆಯಿತು.

ವಯಸ್ಸಿನ ವಿಷಯದಲ್ಲಿ ಚೌಕಾಸಿಗೆ ಜಾಗವಿಲ್ಲ. ಹದಿನಾರು ತುಂಬಿದವರಿಗೆ ಕಾನೂನು ಬಿಟ್ಟಿರುವುದು 50 ಸಿಸಿ ಮೀರದ ಮೋಟಾರು ಸೈಕಲ್ ಮಾತ್ರ. ಉಳಿದ ಸ್ಕೂಟರ್, ಬೈಕು, ಕಾರುಗಳಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ನೇರವಾಗಿ ಹೆತ್ತವರ ಮೇಲೆ ಅಥವಾ ಗಾಡಿಯ ಮಾಲೀಕರ ಮೇಲೆ ಬರುತ್ತದೆ. ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವಾದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ಇಲ್ಲೇ ಟ್ಯೂಷನ್‌ಗೆ ಹೋಗಿ ಬರ್ತಾನೆ’ ಎನ್ನುವವರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು.

ವಿಮೆ ಕೇಳದ ಪ್ರಶ್ನೆ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಡ್ರೈವಿಂಗ್ ಕಲಿತ ವರ್ಷ ಬೇರೊಂದು ಮಾತುಕತೆ ನಡೆಯುತ್ತದೆ. ಅಲ್ಲಿ ಮನೆಯ ಕಾರಿನ ಪಾಲಿಸಿಗೆ ಹದಿಹರೆಯದ ಚಾಲಕನ ಹೆಸರು ಸೇರಿಸಿದರೆ ಸಾಮಾನ್ಯವಾಗಿ ಕಂತು ಒಮ್ಮೆಲೇ ಏರುತ್ತದೆ. ಒಳ್ಳೆಯ ಗ್ರೇಡ್ ಇರುವ ವಿದ್ಯಾರ್ಥಿಗೆ ಅನೇಕ ಕಂಪನಿಗಳು ರಿಯಾಯಿತಿ ಕೊಡುತ್ತವೆ, ವೇಗ ಮೀರಿ ಸಿಕ್ಕಿಬಿದ್ದರೆ ಕಂತು ಮತ್ತೆ ಹೆಚ್ಚುತ್ತದೆ. ಹೆಸರು ಸೇರಿಸುವ ಮುಂಚಿನ ಬಿಲ್ಲು, ಆಮೇಲಿನ ಬಿಲ್ಲು ಎರಡನ್ನೂ ಮೇಜಿನ ಮೇಲಿಟ್ಟರೆ ಸಾಕು, ತನ್ನ ಚಾಲನೆಗೆ ಎಷ್ಟು ಬೆಲೆ ಎಂದು ಮಗುವಿಗೆ ತಿಳಿಯುತ್ತದೆ. ಹೆಚ್ಚಾದ ಮೊತ್ತದಲ್ಲಿ ಒಂದು ಪಾಲನ್ನು ನೀನೇ ದುಡಿದು ಕೊಡು ಎಂದು ಹೇಳಲು ಹೆತ್ತವರಿಗೂ ಒಂದು ಆಧಾರ ಸಿಗುತ್ತದೆ.

ನಮ್ಮಲ್ಲಿ ಹಾಗಲ್ಲ. ಥರ್ಡ್ ಪಾರ್ಟಿ ವಿಮೆಯ ದರ ಎಂಜಿನ್‌ನ ಸಿಸಿ ನೋಡಿ ನಿಗದಿಯಾಗುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿವರೆಗಿನ ದ್ವಿಚಕ್ರಕ್ಕೆ ವರ್ಷಕ್ಕೆ 714 ರೂಪಾಯಿ, 1000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094 ರೂಪಾಯಿ. ಓಡಿಸುವವರು ಮೂವತ್ತು ವರ್ಷ ಅಪಘಾತವಿಲ್ಲದೆ ಓಡಿಸಿದ ಮೇಷ್ಟ್ರೇ ಆಗಿರಲಿ, ನಿನ್ನೆ ಡಿಎಲ್ ಕೈಗೆ ಬಂದ ಹುಡುಗನೇ ಆಗಿರಲಿ, ದರ ಒಂದೇ. ಗಾಡಿ ಯಾರ ಕೈಗೆ ಹೋಗುತ್ತಿದೆ ಎಂಬ ಪ್ರಶ್ನೆಯನ್ನು ವಿಮೆಯ ದರ ಕೇಳುವುದಿಲ್ಲ. ಹಾಗಾಗಿ ಅದನ್ನು ಮನೆಯೇ ಕೇಳಬೇಕು. ಹುಡುಗನ ನಡತೆಗೂ ಅವನ ಜೇಬಿಗೂ ಇರುವ ನಂಟನ್ನು ಇಲ್ಲಿ ಅಪ್ಪ ಅಮ್ಮ ಕೂತು ಹೆಣೆಯಬೇಕು.

ಯಾರ ಹೆಸರಿಗೆ ಗಾಡಿ?

ಹೆಚ್ಚಿನ ಮನೆಗಳಲ್ಲಿ ಯೋಚಿಸದೆ ಅಪ್ಪನ ಹೆಸರಿಗೇ ಆರ್‌ಸಿ ಮಾಡಿಸುತ್ತಾರೆ. ಇದರಿಂದ ಏನಾಗುತ್ತದೆ ನೋಡಿ. ಥರ್ಡ್ ಪಾರ್ಟಿ ವಿಮೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ಓಡಿಸುವವರಿಗೆ ಪೆಟ್ಟಾದರೆ ಅದರಲ್ಲಿ ಬಿಡಿಗಾಸೂ ಇಲ್ಲ. ಅದಕ್ಕಾಗಿಯೇ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಗಿದೆ. ಆದರೆ ಆ ರಕ್ಷಣೆ ಸಿಗುವುದು ಯಾರ ಹೆಸರಲ್ಲಿ ಗಾಡಿ ಇದೆಯೋ ಅವರೇ, ಚಾಲ್ತಿಯಲ್ಲಿರುವ ಲೈಸೆನ್ಸ್ ಇಟ್ಟುಕೊಂಡು ಓಡಿಸುವಾಗ. ಅಪ್ಪನ ಹೆಸರಿನ ಸ್ಕೂಟರಿನಲ್ಲಿ ಮಗಳು ಬಿದ್ದರೆ ಆ 15 ಲಕ್ಷದ ಮಾತೇ ಏಳುವುದಿಲ್ಲ.

ಹದಿನೆಂಟು ತುಂಬಿದ್ದರೆ, ಸಾಲವಿಲ್ಲದೆ ಕೊಳ್ಳುವುದಾದರೆ, ಗಾಡಿಯನ್ನು ಓಡಿಸುವವರ ಹೆಸರಿಗೇ ಮಾಡಿಸುವುದು ಒಳಿತು. ಸಾಲ ಅಪ್ಪನದಾಗಿ ಅವರ ಹೆಸರೇ ಇರಬೇಕಾದರೆ ಮಗ ಅಥವಾ ಮಗಳ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ಪಾಲಿಸಿ ಮಾಡಿಸಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಆರ್‌ಸಿ ಬದಲಾಯಿತು ಎಂದು ನಿಟ್ಟುಸಿರು ಬಿಟ್ಟು ಕೂರಬಾರದು. ಪಾಲಿಸಿಯ ವರ್ಗಾವಣೆಗೂ ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು. ಹಳೆ ಮಾಲೀಕರ ಹೆಸರಿನಲ್ಲೇ ಪಾಲಿಸಿ ಉಳಿದುಹೋದರೆ ಗಾಡಿ ಜಖಂ ಆದ ದಿನ ತಕರಾರು ಖಚಿತ.

ಸ್ವಂತ ಹೆಸರಿನಲ್ಲಿ ಗಾಡಿ ಇರುವುದರ ಇನ್ನೊಂದು ಲಾಭ ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಗಾಡಿಯ ಸ್ವಂತ ಹಾನಿ ವಿಮೆಯ ಕಂತಿನಲ್ಲಿ ಶೇ 20 ಕಡಿತ. ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಈ ಬೋನಸ್ ಗಾಡಿಗೆ ಸೇರಿದ್ದಲ್ಲ, ಪಾಲಿಸಿ ಇರುವ ವ್ಯಕ್ತಿಗೆ ಸೇರಿದ್ದು. ನಾಳೆ ಸ್ಕೂಟರ್ ಮಾರಿ ಹೊಸ ಸ್ಕೂಟರ್ ಕೊಂಡರೂ ಜೊತೆಗೆ ಬರುತ್ತದೆ. ಹದಿನೆಂಟರಲ್ಲಿ ಶುರುವಾದ ಎಚ್ಚರಿಕೆಗೆ ಇಪ್ಪತ್ಮೂರರಲ್ಲಿ ಅರ್ಧ ಕಂತು ಉಳಿಯುತ್ತದೆ. ವರ್ಷಗಟ್ಟಲೆ ಸಮಾಧಾನದಿಂದ ಓಡಿಸಿದ್ದಕ್ಕೆ ರೂಪಾಯಿ ಲೆಕ್ಕದಲ್ಲಿ ಸಿಗುವ ಫಲ ಇದು.

ಖರ್ಚಿನ ಪಾಲು

ಓದುವ ಮಕ್ಕಳ ಬಳಿ ದುಡಿಮೆ ಇಲ್ಲ, ಅವರೇನು ಕೊಟ್ಟಾರು ಎಂದು ಕೇಳಬಹುದು. ದುಡಿಮೆ ಇಲ್ಲದಿದ್ದರೂ ಜವಾಬ್ದಾರಿ ಕೊಡಬಹುದು. ಗಾಡಿಯ ಬೆಲೆ, ರಸ್ತೆ ತೆರಿಗೆ, ಮೊದಲ ವಿಮೆ ಹೆತ್ತವರದು. ಕಾರಿನ ಯೋಚನೆ ಇದ್ದರೆ ತೆರಿಗೆಯನ್ನು ಹಗುರವಾಗಿ ಕಾಣಬೇಡಿ. ಕರ್ನಾಟಕದ ಜೀವಾವಧಿ ತೆರಿಗೆ ಕಾರಿನ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಏರುತ್ತದೆ. ಇಷ್ಟು ಮನೆಯ ಪಾಲು. ಪೆಟ್ರೋಲ್, ಪಂಕ್ಚರ್, ಸರ್ವಿಸ್, ಎಮಿಷನ್ ಟೆಸ್ಟ್ ಓಡಿಸುವವರ ಪಾಲು. ಇದಕ್ಕೆ ತಿಂಗಳ ಮೊದಲ ದಿನವೇ ನಿಗದಿಯಾದ ಮೊತ್ತ ಕೈಗಿಟ್ಟುಬಿಡಬೇಕು, ಕೇಳಿದಾಗಲೆಲ್ಲ ಕೊಡಬಾರದು.

ಲೆಕ್ಕ ಹೀಗೆ ಮಾಡಿ. ದಿನಕ್ಕೆ 20 ಕಿಲೋಮೀಟರ್, ತಿಂಗಳಿಗೆ 25 ದಿನ ಎಂದರೆ 500 ಕಿಲೋಮೀಟರ್. ಸ್ಕೂಟರ್ ಲೀಟರಿಗೆ 45 ಕೊಟ್ಟರೆ ಹನ್ನೊಂದು ಲೀಟರ್ ಚಿಲ್ಲರೆ. ನೂರು ದಾಟಿದ ಪೆಟ್ರೋಲ್ ದರದಲ್ಲಿ ಸುಮಾರು 1,150 ರೂಪಾಯಿ. ಸರ್ವಿಸ್ಸಿಗೆಂದು 350 ಸೇರಿಸಿ 1,500 ಕೊಡಿ. ಉಳಿಸಿದ್ದು ಅವರದೇ. ಸಾಲದೇ ಹೋದರೆ ತಿಂಗಳ ಕೊನೆಗೆ ಬಸ್ಸು. ‘ಅಮ್ಮಾ, ಒಂದಿನ್ನೂರು ಕೊಡೇ, ಪೆಟ್ರೋಲಿಲ್ಲ’ ಎಂಬ ಕರೆಗೆ ಅಮ್ಮ ಕರಗಿ ಫೋನ್‌ಪೇ ಮಾಡಿದರೆ ಈ ಏರ್ಪಾಡು ಅಲ್ಲಿಗೇ ಮುಗಿಯಿತು. ಅಪ್ಪ ಅಮ್ಮ ಇಬ್ಬರೂ ಒಂದೇ ಮಾತಿಗೆ ನಿಲ್ಲದ ಮನೆಯಲ್ಲಿ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ದಂಡದ ಹಣ ಪೂರ್ತಿ ಓಡಿಸಿದವರದು. ಸಿಗ್ನಲ್ ಹಾರಿದ ಚಿತ್ರ ಕ್ಯಾಮೆರಾದಲ್ಲಿ ಬಿದ್ದು ನೋಟಿಸ್ ಬಂದರೆ ಬೈಯುವ ಅಗತ್ಯವೇ ಇಲ್ಲ, ಅದನ್ನು ಅವರ ಕೈಗೆ ಕೊಟ್ಟರೆ ಸಾಕು. ಆದರೆ ಇದಕ್ಕೊಂದು ಬೆಲೆ ಅಪ್ಪನೂ ತೆರಬೇಕು. ಪೊಲೀಸರು ಅಡ್ಡ ಹಾಕಿದಾಗ ನೂರಿನ್ನೂರು ಕೈಗೆ ತುರುಕಿ ಪಾರಾಗುವ ಅಪ್ಪ, ಹೆಲ್ಮೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು ಹೋಗುವ ಅಪ್ಪ ಮಗನಿಗೆ ನಿಯಮ ಹೇಳಲು ಬಾಯಿ ತೆರೆಯುವುದೇ ಕಷ್ಟ.

ಕ್ಲೇಮ್ ಮಾಡಬೇಕೇ ಬೇಡವೇ ಎಂಬುದನ್ನೂ ಮಕ್ಕಳೇ ಲೆಕ್ಕ ಹಾಕಲಿ. ಮನೆಯಲ್ಲೊಂದು ಸಣ್ಣ ಕಾರಿದೆ, ಸ್ವಂತ ಹಾನಿಯ ಕಂತು ಬೋನಸ್ ಕಳೆಯುವ ಮೊದಲು 8,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂರು ವರ್ಷ ಕ್ಲೇಮ್ ಆಗಿಲ್ಲ. ಈ ವರ್ಷವೂ ಮಾಡದಿದ್ದರೆ ಮುಂದಿನ ಕಂತಿನಲ್ಲಿ ಶೇ 45, ಅಂದರೆ 3,600 ರೂಪಾಯಿ ಉಳಿಯುತ್ತದೆ. ಗೇಟಿಗೆ ತಾಗಿ ಬಂಪರ್ ಉಜ್ಜಿತು, ಗ್ಯಾರೇಜಿನವರು 3,500 ಹೇಳಿದರು. ಕ್ಲೇಮ್ ಮಾಡಿದರೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಕಳೆದು ಕೈಗೆ ಬರುವುದು ಹೆಚ್ಚೆಂದರೆ 2,500. ಹೋಗುವುದು 3,600, ಬೋನಸ್ ಮತ್ತೆ ಸೊನ್ನೆಯಿಂದ ಶುರು. ಕೈಯಿಂದ ಕೊಡುವುದೇ ಲಾಭ. ‘ಇನ್ಶೂರೆನ್ಸ್ ಇದೆಯಲ್ಲ, ಬಿಡಿ’ ಎನ್ನುವ ಉಡಾಫೆ ಈ ಲೆಕ್ಕವನ್ನು ಒಮ್ಮೆ ಸ್ವತಃ ಬರೆದವರಲ್ಲಿ ಉಳಿಯುವುದಿಲ್ಲ.

ಇಲ್ಲ ಎನ್ನುವ ಶಕ್ತಿ

ಹದಿಹರೆಯದಲ್ಲಿ ಅತಿ ಕಷ್ಟದ ಮಾತು ‘ಇಲ್ಲ ಕಣೋ, ಕೊಡಕ್ಕಾಗಲ್ಲ’ ಎನ್ನುವುದು. ಹಾಸ್ಟೆಲಿನ ಗೆಳೆಯ ಹತ್ತು ನಿಮಿಷಕ್ಕೆಂದು ಗಾಡಿ ಕೇಳುತ್ತಾನೆ. ಅವನ ಬಳಿ ಲೈಸೆನ್ಸ್ ಇಲ್ಲದಿದ್ದರೆ ಕೊಟ್ಟ ಮಾಲೀಕರಿಗೂ 5,000 ರೂಪಾಯಿವರೆಗೆ ದಂಡವುಂಟು. ಅಪಘಾತವಾಗಿ ಇನ್ನೊಬ್ಬರಿಗೆ ಪೆಟ್ಟಾದರೆ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ನ್ಯಾಯಾಲಯಗಳು ಅವಕಾಶ ಕೊಟ್ಟಿವೆ. ಪರಿಹಾರ ಲಕ್ಷಗಳಲ್ಲಿ ಇರುತ್ತದೆ, ಗೆಳೆಯನ ಹತ್ತು ನಿಮಿಷಕ್ಕೆ ಮನೆಯ ಜಮೀನು ಮಾರಬೇಕಾದೀತು. ಇದನ್ನು ಮಕ್ಕಳಿಗೆ ಹೆದರಿಸಲಿಕ್ಕೆ ಹೇಳಬೇಡಿ, ಅವರ ಬಾಯಿಗೊಂದು ಉತ್ತರ ಸಿಗಲಿ ಎಂದು ಹೇಳಿ. ‘ಆರ್‌ಸಿ ನನ್ನ ಹೆಸರಲ್ಲಿದೆ ಮಾರಾಯ, ಸಿಕ್ಕಿಬಿದ್ದರೆ ನಾನೇ ಕಟ್ಟಬೇಕು’ ಎಂದರೆ ಸ್ನೇಹವೂ ಕೆಡುವುದಿಲ್ಲ.

ಅದೇ ಮಾತು ಹೆತ್ತವರಿಗೂ ಬೇಕು. ಪಕ್ಕದ ಮನೆಯ ಹುಡುಗನಿಗೆ 350 ಸಿಸಿ ಬೈಕ್ ಬಂತೆಂದು ನಮ್ಮ ಮನೆಗೂ ಬರಬೇಕಿಲ್ಲ. ‘ಈ ವರ್ಷ ಆಗಲ್ಲ, ಯಾಕೆ ಆಗಲ್ಲ ನೋಡು’ ಎಂದು ಮನೆಯ ಆದಾಯ, ಫೀಸು, ಅಜ್ಜಿಯ ಔಷಧದ ಖರ್ಚನ್ನು ಮುಂದಿಟ್ಟು ಹೇಳಿದರೆ ಹದಿನೆಂಟರ ಹುಡುಗನಿಗೆ ಅರ್ಥವಾಗುತ್ತದೆ. ಲೆಕ್ಕ ಬಚ್ಚಿಟ್ಟು ‘ಆಮೇಲೆ ನೋಡೋಣ’ ಎಂದು ತೇಲಿಸಿದಾಗಲೇ ಅವನಿಗೆ ಸಿಟ್ಟು ಬರುವುದು.

ಇನ್ನು ಇದೆಲ್ಲ ನಾಟಿತೇ ಇಲ್ಲವೇ ಎಂದು ತಿಳಿಯುವುದು ಹೇಗೆ? 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರಕ್ಕೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಸ್ವಂತ ಹಾನಿಯ ವಿಮೆ ಮಾತ್ರ ಬಹಳ ಕಡೆ ಒಂದೇ ವರ್ಷದ್ದು. ಥರ್ಡ್ ಪಾರ್ಟಿ ಚಾಲ್ತಿಯಲ್ಲಿ ಇರುವುದರಿಂದ ರಸ್ತೆಯಲ್ಲಿ ಪೊಲೀಸರೂ ಕೇಳುವುದಿಲ್ಲ, ಹಾಗಾಗಿ ಎರಡನೇ ವರ್ಷ ಎಷ್ಟೋ ಮನೆಗಳಲ್ಲಿ ಅದು ಸದ್ದಿಲ್ಲದೆ ತಪ್ಪಿಹೋಗುತ್ತದೆ. ಶೋರೂಂನಲ್ಲಿ ಅರ್ಜಿ ತುಂಬುವಾಗ ಮೊಬೈಲ್ ಸಂಖ್ಯೆಯ ಜಾಗದಲ್ಲಿ ಮಗನ ಅಥವಾ ಮಗಳ ಸಂಖ್ಯೆ ಬರೆಸಿ. ನವೀಕರಣದ ಅರ್ಧ ಹಣ ನಿನ್ನದು, ಅರ್ಧ ನಮ್ಮದು ಎಂದು ಅಂದೇ ಹೇಳಿಡಿ. ಹನ್ನೊಂದು ತಿಂಗಳ ನಂತರ ‘ಅಪ್ಪಾ, ಇನ್ಶೂರೆನ್ಸ್ ಡ್ಯೂ ಇದೆ, ನನ್ನ ಪಾಲು ಎತ್ತಿಟ್ಟಿದ್ದೀನಿ, ನಿಮ್ಮದು ಕೊಡಿ’ ಎಂದು ಅವರಾಗಿಯೇ ಬಂದು ಕೇಳಿದರೆ, ಮುಂದೆ ಬ್ಯಾಂಕ್ ಸಾಲವನ್ನೋ ಮನೆ ಬಾಡಿಗೆಯನ್ನೋ ಅವರ ಕೈಗೆ ಬಿಡಲು ನೀವು ಅಂಜಬೇಕಿಲ್ಲ. ಕೇಳದೇ ಹೋದರೆ ಕಂತು ಕಟ್ಟುವ ಮುನ್ನ ಅವರನ್ನು ಕೂರಿಸಿಕೊಂಡು, ಲೆಕ್ಕವನ್ನು ಮೊದಲ ಸಾಲಿನಿಂದ ಇನ್ನೊಮ್ಮೆ ಬರೆಸಿ.