ಹಿಟ್ಟಿನ ಹುಂಜ ಮತ್ತು ಭಾನುವಾರದ ಕೋಳಿ

ಕೋಳಿಯೊಂದನ್ನು ಮುಂದಿಟ್ಟುಕೊಂಡು ಕನ್ನಡ ಮಾಡಿರುವ ಅತ್ಯಂತ ಗಂಭೀರ ಧರ್ಮಚಿಂತನೆ ಎಂಟುನೂರು ವರ್ಷ ಹಳೆಯದು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ, ಕೆಟ್ಟ ಕನಸಿನ ದೋಷ ಕಳೆಯಲು ದೇವಿಗೆ ಬಲಿ ಕೊಡು ಎಂದು ಚಂದ್ರಮತಿ ತನ್ನ ಮಗನನ್ನು ಒತ್ತಾಯಿಸುತ್ತಾಳೆ. ಜೀವ ತೆಗೆಯಲು ಮನಸ್ಸಿಲ್ಲದ ಯಶೋಧರ, ತಾಯಿಯ ಮಾತನ್ನು ಮೀರಲೂ ಆಗದೆ, ಹಿಟ್ಟಿನಲ್ಲಿ ಮಾಡಿದ ಹುಂಜವೊಂದನ್ನು ಕಡಿಯುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿಯಿಂದ ತೊಡಗಿ ಎಷ್ಟೋ ಪ್ರಾಣಿಜನ್ಮಗಳನ್ನು ಹಾಯ್ದು, ಕಡೆಗೆ ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಬೀಳಬೇಕಾಗುತ್ತದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೂ ಇದೇ ಮೂಲ. ಸತ್ತದ್ದು ಯಾವ ಜೀವವೂ ಅಲ್ಲ. ಆದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು, ಪಾಪ ಆ ಸಂಕಲ್ಪಕ್ಕೆ ಅಂಟಿತು ಎಂಬುದು ಆ ಜೈನ ಕವಿಯ ತೀರ್ಮಾನ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ದಾವಣಗೆರೆ ಜಿಲ್ಲೆಯ ಜಗಳೂರಿನ ಯಾವುದೇ ಮಾಂಸಾಹಾರಿ ಮನೆಯ ಭಾನುವಾರವನ್ನು ನೋಡಬೇಕು. ಅಂಗಡಿಯಿಂದ ಚರ್ಮ ಸುಲಿಸಿ ತಂದ ಇಡೀ ಕೋಳಿಗೆ ಮೊಸರು, ಅರಿಶಿನ, ಖಾರದ ಪುಡಿ, ಧನಿಯಾ ಪುಡಿ, ಅರೆದ ಶುಂಠಿ ಬೆಳ್ಳುಳ್ಳಿ ಸವರಿ ನೆನೆಯಲು ಬಿಡುತ್ತಾರೆ. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ, ಆಲೂಗಡ್ಡೆ ಹಾಸಿ, ಮೇಲೆ ಕೋಳಿ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಕೋಳಿಯ ರಸ ಇಳಿದು ಆಲೂಗಡ್ಡೆಗೆ ಹಿಡಿಯುತ್ತದೆ; ಒಂದೇ ಪಾತ್ರೆಯಲ್ಲಿ ಇಡೀ ಮನೆಯ ಊಟ ಸಿದ್ಧ. ಸಾರು ಮುದ್ದೆಯ ಜೊತೆಗೆ ಈ ಹೊಸ ಅಡುಗೆಯೂ ಈಗ ಊರೂರಿನ ಅಡುಗೆಮನೆ ಸೇರಿದೆ. ಈ ಊಟದಲ್ಲಿ ಕೊಲ್ಲುವ ಸಂಕಲ್ಪ ಯಾರದು? ಅಡುಗೆ ಮಾಡಿದವರದ್ದಲ್ಲ, ಅವರು ಮಾಂಸವನ್ನಷ್ಟೇ ತೊಳೆದರು. ದುಡ್ಡು ಕೊಟ್ಟವರದ್ದಲ್ಲ, ಅವರು ಕಿಲೋ ಲೆಕ್ಕದಲ್ಲಿ ತಂದರು. ಅಂಗಡಿಯವನಿಗೆ ಅದು ಬೆಳಗಿನಿಂದ ನಡೆಯುತ್ತಿರುವ ಕೆಲಸ. ಮರಿಯನ್ನೂ ಮೇವನ್ನೂ ಕಂಪನಿಯಿಂದ ಪಡೆದು ತೂಕದ ಮೇಲೆ ಸಾಕಣೆ ಕೂಲಿ ಎಣಿಸಿಕೊಳ್ಳುವ ಫಾರಂ ರೈತನಿಗೆ ಆ ಕೋಳಿ ತನ್ನದೂ ಅಲ್ಲ. ಜನ್ನನ ಕಥೆಯಲ್ಲಿ ಸಂಕಲ್ಪ ಇತ್ತು, ಸಾವು ಇರಲಿಲ್ಲ. ಇಲ್ಲಿ ಸಾವು ಇದೆ, ಸಂಕಲ್ಪ ಮಾಡಿದವರು ಯಾರೂ ಇಲ್ಲ. ಸಂಕಲ್ಪವೇ ಪಾಪವೆಂದಾದರೆ ಈ ಊಟ ಪೂರ್ತಿ ನಿರ್ದೋಷವಾಗಬೇಕು. ಹಾಗೆ ಒಪ್ಪಿಕೊಳ್ಳಲು ನನಗೆ ಸಾಧ್ಯವಾಗುವುದಿಲ್ಲ. ಕೋಳಿ ತಿನ್ನಬಹುದೇ ಬಾರದೇ ಎಂಬ ಹಳೆಯ ವಾದಕ್ಕಿಂತ, ತಿನ್ನುವ ಮನೆ ಆ ಜೀವದ ಭಾರವನ್ನು ಹೊತ್ತಿದೆಯೇ ಎಂಬುದು ಮುಖ್ಯ ಪ್ರಶ್ನೆ. ಕಣ್ಣಿಗೆ ಬೀಳದ ಮಾತ್ರಕ್ಕೆ ಆ ಭಾರ ಇಳಿಯುವುದಿಲ್ಲ ಎಂಬುದು ನನ್ನ ವಾದ.

ಇದಕ್ಕೆ ಎದುರು ನಿಲ್ಲುವ ಮೊದಲ ಆಕ್ಷೇಪ ಬುದ್ಧನ ಹೆಸರಿನಲ್ಲೇ ಬರುತ್ತದೆ. ಮಜ್ಝಿಮ ನಿಕಾಯದ ಜೀವಕ ಸುತ್ತದಲ್ಲಿ ಬುದ್ಧ ಭಿಕ್ಷುಗಳಿಗೆ ಮೂರು ಷರತ್ತುಗಳನ್ನು ಹೇಳಿದ್ದಾನೆ: ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಹಾಗೆಂದು ಅನುಮಾನವೂ ಇರಬಾರದು, ಅಂಥ ಮಾಂಸವನ್ನು ಸ್ವೀಕರಿಸಬಹುದು. ಅಂಗಡಿಯ ಕೋಳಿಯನ್ನು ನನಗೆಂದೇ ಯಾರೂ ಕೊಂದಿಲ್ಲ, ನಾನು ಹೋಗದಿದ್ದರೂ ಅದು ಸಾಯುತ್ತಿತ್ತು ಎಂದು ಗೃಹಸ್ಥ ಹೇಳಬಹುದು. ಆದರೆ ಆ ನಿಯಮ ಯಾರಿಗಾಗಿ ಹುಟ್ಟಿತು ನೋಡಿ. ಅದು ಮನೆಮನೆಯ ಮುಂದೆ ಪಾತ್ರೆ ಹಿಡಿದು ನಿಂತು, ಬಿದ್ದದ್ದನ್ನು ತಿನ್ನುವವನಿಗೆ. ಅವನು ಬೇಡಿಕೆ ಇಡುವುದಿಲ್ಲ, ಬೆಲೆ ಕೊಡುವುದಿಲ್ಲ. ಭಾನುವಾರ ಇಷ್ಟು ಜನ ಬರುತ್ತಾರೆ ಎಂಬ ಲೆಕ್ಕದ ಮೇಲೆಯೇ ಶನಿವಾರ ಕೋಳಿಗಳು ಅಂಗಡಿಯ ಪಂಜರ ಸೇರುತ್ತವೆ. ನನ್ನ ಹೆಸರು ಯಾವ ಕೋಳಿಯ ಮೇಲೂ ಬರೆದಿಲ್ಲ, ನಿಜ; ಆದರೆ ಆ ಲೆಕ್ಕದಲ್ಲಿ ನನ್ನ ಮನೆ ಇದೆ. ಮನುಸ್ಮೃತಿಯಲ್ಲಿ ಒಪ್ಪದ ಮಾತುಗಳು ಬಹಳ ಇವೆ, ಈ ಒಂದು ವಿಷಯದಲ್ಲಿ ಮಾತ್ರ ಅದರ ದೃಷ್ಟಿ ಸ್ಪಷ್ಟ: ಕೊಲ್ಲಲು ಒಪ್ಪಿಗೆ ಕೊಟ್ಟವನು, ಕೊಯ್ದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಎಲ್ಲರನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಹಿಂದಿನವರು ಈ ಭಾರವನ್ನು ಹೇಗೆ ಹೊತ್ತರು ಎಂಬುದಕ್ಕೆ ಈ ಸೀಮೆಯಲ್ಲೇ ಸಾಕ್ಷಿ ಇದೆ. ಮಾರಮ್ಮನಿಗೋ ಚೌಡಮ್ಮನಿಗೋ ದುಗ್ಗಮ್ಮನಿಗೋ ಹರಕೆ ಹೊತ್ತ ಕೋಳಿ ಮನೆಯಂಗಳದಲ್ಲಿ ಬೆಳೆದದ್ದು. ಅದರ ಬಣ್ಣ ಮಕ್ಕಳಿಗೂ ಗೊತ್ತು. ಕೊಯ್ಯುವ ಮೊದಲು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೈಮೇಲೆ ನೀರು ಚಿಮುಕಿಸಿ, ಅದು ಮೈ ಒದರುವವರೆಗೆ ಕಾಯುತ್ತಾರೆ, ಒದರಿದರೆ ಒಪ್ಪಿಗೆ. ನೀರು ಬಿದ್ದರೆ ಯಾವ ಹಕ್ಕಿಯಾದರೂ ಒದರುತ್ತದೆ, ಇದು ನಮಗೆ ನಾವೇ ಹೇಳಿಕೊಂಡ ಸಮಾಧಾನ ಎಂದು ವಿಚಾರವಂತರು ತಳ್ಳಿಹಾಕುತ್ತಾರೆ. ತಳ್ಳಿಹಾಕುವುದು ಸರಿಯೇ. ಆದರೂ ಒಂದು ಮಾತು ಉಳಿಯುತ್ತದೆ: ಒಪ್ಪಿಗೆಯ ನಟನೆ ಮಾಡಿದವರಿಗೆ, ಒಪ್ಪಿಗೆ ಬೇಕಿತ್ತು ಎಂಬುದು ಗೊತ್ತಿತ್ತು. ಜೀವ ತೆಗೆಯುವುದು ಸುಮ್ಮನೆ ಆಗಿಹೋಗುವ ಕೆಲಸವಲ್ಲ, ಅದರ ಮುಂದೆ ಒಂದು ಕ್ಷಣ ನಿಲ್ಲಬೇಕು ಎಂಬ ಅರಿವು ಆ ಕಾಯುವಿಕೆಯಲ್ಲಿದೆ. ಮುಸ್ಲಿಮರು ಪ್ರತಿ ಕೋಳಿಗೂ ದೇವರ ಹೆಸರು ಹೇಳಿಯೇ ಕತ್ತಿ ಹಿಡಿಯಬೇಕೆಂಬ ನಿಯಮದಲ್ಲೂ ಇದೇ ಅರಿವು ಇದೆ: ಇದು ನನ್ನ ಸ್ವತ್ತಲ್ಲ, ಕೇಳಿ ಪಡೆದದ್ದು.

ಬಲಿಯನ್ನು ನಾನು ಸಮರ್ಥಿಸುತ್ತಿಲ್ಲ. ರಕ್ತ ಬೇಡುವ ದೇವರನ್ನು ನಂಬುವುದು ನನಗೆ ಕಷ್ಟ. ಬಲಿಯ ಕೋಳಿಯೂ ಸಾಯುವಾಗ ನೋಯುತ್ತದೆ, ಕುಂಕುಮ ಆ ನೋವನ್ನು ಕಡಿಮೆ ಮಾಡುವುದಿಲ್ಲ. ಆದರೆ ಕರ್ನಾಟಕದ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಮಾಡಿರುವುದೇನು ಎಂದು ಕೇಳಲೇಬೇಕು. ಸಾರ್ವಜನಿಕ ಪೂಜಾಸ್ಥಳದಲ್ಲಿ, ಅದರ ಆವರಣದಲ್ಲಿ, ಮೆರವಣಿಗೆಯಲ್ಲಿ ಬಲಿ ಕೊಡುವುದನ್ನು ಅದು ಅಪರಾಧವೆನ್ನುತ್ತದೆ. ಮರುವರ್ಷವೇ ಬಂದ ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಯಾವುದೇ ಸಮುದಾಯದ ಧರ್ಮ ಕೇಳುವ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ತನ್ನಡಿ ಅಪರಾಧವಲ್ಲ ಎಂದು ತನ್ನ 28ನೇ ಕಲಮಿನಲ್ಲಿ ಹೇಳುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಬಂದಾಗ ಗುಡಿಯ ಸುತ್ತ ಪೊಲೀಸರು ನಿಲ್ಲುತ್ತಾರೆ, ಬಾಡೂಟ ಮಾತ್ರ ಮನೆಮನೆಯಲ್ಲಿ ನಡೆಯುತ್ತದೆ. ಕೋಳಿಯ ಕಡೆಯಿಂದ ನೋಡಿದರೆ ಏನೂ ಬದಲಾಗಿಲ್ಲ. ಸಾವು ಎಲ್ಲರ ಕಣ್ಣೆದುರಿನಿಂದ ಗೋಡೆಯ ಹಿಂದಕ್ಕೆ ಸರಿಯಿತು, ಅಷ್ಟೆ. ನಾಗರಿಕತೆ ಎಂದು ನಾವು ಕರೆದುಕೊಂಡಿದ್ದರಲ್ಲಿ ಎಷ್ಟೋ ಪಾಲು ಈ ಗೋಡೆಯೇ ಎಂಬ ಅನುಮಾನ ನನಗಿದೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಭಾರದ ಮಾತೆಲ್ಲ ಏಕೆ, ತಿನ್ನುವುದನ್ನೇ ಬಿಟ್ಟರೆ ಮುಗಿಯಿತಲ್ಲ? ಬಿಟ್ಟವರ ಬಗ್ಗೆ ನನಗೆ ಗೌರವವಿದೆ. ನಾಲಿಗೆ ಬಯಸಿದ್ದನ್ನು ಇನ್ನೊಂದು ಜೀವಕ್ಕಾಗಿ ಬಿಟ್ಟುಕೊಡುವುದು ಸಣ್ಣ ಸಾಧನೆಯಲ್ಲ. ಆದರೆ ಬಿಟ್ಟ ಮೇಲೆ ಭಾರ ಮುಗಿಯುತ್ತದೆ ಎಂಬುದು ಈ ಜಿಲ್ಲೆಯಲ್ಲಂತೂ ನಿಲ್ಲದ ಮಾತು. ರಾಜ್ಯದಲ್ಲಿ ಮೆಕ್ಕೆಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ದಾವಣಗೆರೆ ಒಂದು. ಮಳೆ ಕಡಿಮೆಯ ಜಗಳೂರಿನ ಹೊಲಗಳಲ್ಲೂ ಅದೇ ಪೈರು. ಈ ಕಾಳು ಮನುಷ್ಯರ ತಟ್ಟೆಗೆ ಬರುವುದು ಕಡಿಮೆ. ಪಿಷ್ಟದ ಕಾರ್ಖಾನೆಗೆ ಹೋದದ್ದು ಬಿಟ್ಟರೆ ದೊಡ್ಡ ಪಾಲು ಸೇರುವುದು ಕೋಳಿ ಆಹಾರಕ್ಕೆ. ಎರಡು ಕಿಲೋ ತೂಗುವ ಬ್ರಾಯ್ಲರ್ ಕೋಳಿ ಸುಮಾರು 40 ದಿನದ ಬದುಕಿನಲ್ಲಿ ಮೂರೂವರೆ ಕಿಲೋದಷ್ಟು ಮೇವು ತಿನ್ನುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ. ಮೊಟ್ಟೆಯನ್ನೂ ಮುಟ್ಟದ ಮನೆಯ ಹೊಲ ಕೂಡ ಕೋಳಿ ಫಾರಮ್ಮಿನ ಬೆಲೆಯನ್ನು ನಂಬಿಯೇ ಬಿತ್ತನೆಗೆ ಇಳಿಯುತ್ತದೆ. ಹಕ್ಕಿಜ್ವರ ಬಂತೆಂಬ ಸುದ್ದಿಗೆ ಮಂಡಿಯಲ್ಲಿ ಮೆಕ್ಕೆಜೋಳದ ದರ ಅಲುಗಾಡಿದಾಗ ಸಸ್ಯಾಹಾರಿ ರೈತನಿಗೂ ನಿದ್ದೆ ಬರುವುದಿಲ್ಲ.

ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಮಾಂಸದಂಗಡಿಯಲ್ಲಿ ಕೂತ ಧರ್ಮವ್ಯಾಧ ಕೌಶಿಕನೆಂಬ ಬ್ರಾಹ್ಮಣನಿಗೆ ಇದನ್ನೇ ವಿವರಿಸುತ್ತಾನೆ. ನೇಗಿಲು ಹೂಡಿದರೆ ನೆಲದೊಳಗಿನ ಜೀವಗಳು ಸಾಯುತ್ತವೆ, ನಡೆದರೂ ಸಾಯುತ್ತವೆ, ಪೂರ್ಣ ಅಹಿಂಸೆಯಲ್ಲಿ ಬದುಕಿದವರಾರೂ ಇಲ್ಲ ಎನ್ನುತ್ತಾನೆ. ಹಾಗೆಂದು ಅವನು ಕೈತೊಳೆದುಕೊಳ್ಳುವುದಿಲ್ಲ. ತನ್ನ ಕಸುಬು ಘೋರವೆಂದು ತಾನೇ ಒಪ್ಪುತ್ತಾನೆ. ಆಮೇಲೆ ಕೌಶಿಕನನ್ನು ಮನೆಗೆ ಕರೆದೊಯ್ದು, ಉಂಡು ತೃಪ್ತರಾಗಿ ಕೂತ ಮುದಿ ತಂದೆತಾಯಿಯನ್ನು ತೋರಿಸಿ, ಇವರೇ ನನ್ನ ದೇವರು ಎನ್ನುತ್ತಾನೆ. ಬ್ರಹ್ಮಗಿರಿಯ ಬಂಡೆಯೂ ನೆನಪಾಗುತ್ತದೆ. 1997ರವರೆಗೆ ಜಗಳೂರು ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದ ಆ ಅಶೋಕ ಶಾಸನ ತಂದೆತಾಯಿಯ ಮಾತು ಕೇಳುವುದನ್ನೂ ಪ್ರಾಣಿಗಳ ಮೇಲಿನ ದಯೆಯನ್ನೂ ಸತ್ಯವನ್ನೂ ಒಟ್ಟೊಟ್ಟಿಗೆ ಹೇಳುತ್ತದೆ. ಮನೆಯವರ ಹೊಟ್ಟೆ ತುಂಬಿಸುವುದು ಒಂದು ಧರ್ಮ, ಪ್ರಾಣಿಯ ಮೇಲಿನ ದಯೆ ಇನ್ನೊಂದು ಧರ್ಮ ಎಂದು ಬೇರೆ ಮಾಡಿ ಒಂದನ್ನು ಮರೆಯಲು ಅದು ಬಿಡುವುದಿಲ್ಲ.

ಬಿಡುವುದೇ ಶುದ್ಧಿ ಎಂಬ ಮಾತಿಗೆ ಇನ್ನೊಂದು ತೊಡಕಿದೆ, ಅದನ್ನು ನುಂಗಿಕೊಂಡು ಬರೆಯಲಾರೆ. ನಾಯಕರು, ಕಾಡುಗೊಲ್ಲರು, ದಲಿತರು, ಲಂಬಾಣಿಗಳು, ಮುಸ್ಲಿಮರು ಬದುಕಿರುವ ಈ ನೆಲದಲ್ಲಿ ಕೋಳಿಯ ಮೇಲಿನ ದಯೆಯ ಮಾತು ಬಹಳ ಸಲ ಮನುಷ್ಯರ ಮೇಲಿನ ಅಸಹ್ಯವಾಗಿ ಬಳಕೆಯಾಗಿದೆ. ಬಾಡಿಗೆ ಮನೆ ಕೇಳಿದರೆ ಮೊದಲು ಏನು ತಿನ್ನುತ್ತೀರಿ ಎಂಬ ಪ್ರಶ್ನೆ. 2021ರಲ್ಲಿ ಕೆಲವು ಜಿಲ್ಲೆಗಳ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ಹಸಿದ ಮಗುವಿನ ತಟ್ಟೆಗಿಂತ ಪಂಕ್ತಿಯ ಮಡಿ ದೊಡ್ಡದಾಯಿತು. ಇದನ್ನು ಅಹಿಂಸೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಈ ಅವಮಾನದ ನೆಪ ಹೇಳಿ ಕೋಳಿಯ ನೋವಿನ ಪ್ರಶ್ನೆಯನ್ನು ಮುಚ್ಚಿಬಿಡುವುದೂ ತಪ್ಪು. ತಿನ್ನುವವರ ಘನತೆಗಾಗಿ ಮಾತಾಡುವವರು ತಿನ್ನಿಸಿಕೊಳ್ಳುವ ಜೀವದ ಬಗ್ಗೆಯೂ ಮಾತಾಡಬಲ್ಲರು, ಆಡಬೇಕು.

ಆ ಮಾತಾಡಿದರೆ ಮೊದಲು ಬರುವುದು ಸಾವಲ್ಲ, ಬದುಕು. ಸಸ್ತನಿಗಳಂತೆ ಹಕ್ಕಿಗಳಿಗೂ ಪ್ರಜ್ಞೆಯ ಅನುಭವಕ್ಕೆ ಬೇಕಾದ ನರಮಂಡಲವಿದೆ ಎಂದು 2012ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ವಿಜ್ಞಾನಿಗಳು ಘೋಷಿಸಿದರು. ಕೋಳಿ ಸಾಕಿದ ಯಾವ ಅಜ್ಜಿಯೂ ಅದನ್ನು ಹೊಸ ಸುದ್ದಿ ಎನ್ನಲಾರಳು. ಅಂಗಳದ ಜವಾರಿ ಕೋಳಿ ತಿಂಗಳುಗಟ್ಟಲೆ ಕೆದಕಿ, ಮಣ್ಣಿನಲ್ಲಿ ಹೊರಳಿ, ಕಾವು ಕೂತು, ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು ಬದುಕುತ್ತದೆ. ಬ್ರಾಯ್ಲರ್ ಕೋಳಿಗೆ ಸಿಗುವುದು ಒಂದು ಚದರಡಿಯಷ್ಟು ಜಾಗ, ಕಾಲು ಹೊರಲಾರದಷ್ಟು ಬೇಗ ಬೆಳೆಯುವ ಎದೆ, ಆರು ವಾರ. ಕೊಲ್ಲುವ ಕ್ಷಣದ ಮೇಲೆ ಧರ್ಮಶಾಸ್ತ್ರಗಳು ಇಷ್ಟು ಯೋಚಿಸಿದವು; ಈ ಆರು ವಾರಗಳನ್ನು ಅವು ಊಹಿಸಿರಲಿಲ್ಲ, ಆದ್ದರಿಂದ ನಾವೇ ಯೋಚಿಸಬೇಕಾಗಿದೆ. ಜವಾರಿ ಕೋಳಿಯ ಬೆಲೆ ಕೂಲಿಯ ಮನೆಗೆ ಎಟುಕುವುದಿಲ್ಲ, ಅಗ್ಗದ ಕೋಳಿಯಿಂದಲೇ ಬಡವರ ಮಕ್ಕಳಿಗೆ ಮಾಂಸ ಸಿಕ್ಕಿತು ಎಂದು ಯಾರಾದರೂ ನೆನಪಿಸಿದರೆ ಅದು ಪೂರ್ತಿ ಸತ್ಯ. ಈ ಭಾರವನ್ನು ವಾರಕ್ಕೊಮ್ಮೆ ತಿನ್ನುವವರ ಮೇಲೆ ಹೇರುವುದು ಅನ್ಯಾಯ. ವಾರದಲ್ಲಿ ನಾಲ್ಕು ದಿನ, ಬೇಕಿದ್ದಕ್ಕಿಂತ ಹೆಚ್ಚು ತರಿಸಿ ಅರ್ಧ ಎಸೆಯುವ ಮನೆಗಳ ಮೇಲೆ ಅದು ಮೊದಲು ಬೀಳಬೇಕು, ಅವರ ಕೈಯಲ್ಲಿ ಆಯ್ಕೆ ಇದೆ. ಸೋಮವಾರ, ಶ್ರಾವಣ ಎಂದು ಹಿಂದಿನವರು ಬಿಟ್ಟ ದಿನಗಳಿಗೂ ಇಲ್ಲಿ ಬೆಲೆ ಇದೆ: ತಿನ್ನುವವರೇ ತಮಗೆ ಹಾಕಿಕೊಂಡ ಮಿತಿ ಅದು.

ಇಡೀ ಕೋಳಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಅಡುಗೆಗೆ ಈ ದೃಷ್ಟಿಯಿಂದ ಒಂದು ಗುಣವಿದೆ. ಮೂಳೆ ತೆಗೆದ ತುಂಡುಗಳ ಪೊಟ್ಟಣ ಯಾವ ಪ್ರಾಣಿಯದ್ದೆಂದೂ ಹೇಳುವುದಿಲ್ಲ. ಇಲ್ಲಿ ಕಾಲು, ರೆಕ್ಕೆ, ಎದೆ ಎಲ್ಲ ಜೋಡಿಕೊಂಡೇ ಮುಂದೆ ಬರುತ್ತವೆ, ಇದೊಂದು ದೇಹವಾಗಿತ್ತು ಎಂಬುದನ್ನು ಯಾರೂ ಮರೆಯಲಾರರು. ಕೋಳಿಗೆ ಇರುವುದು ಎರಡೇ ಕಾಲು. ಯಾರಿಗೆ ಎಂಬ ಪ್ರಶ್ನೆಯೂ ಕೂಡಲೇ ಏಳುತ್ತದೆ. ಎಷ್ಟೋ ಮನೆಗಳಲ್ಲಿ ಅದು ಗಂಡಸರಿಗೆ, ಗಂಡುಮಕ್ಕಳಿಗೆ, ಬಂದ ಅಳಿಯನಿಗೆ ಹೋಗುತ್ತದೆ. ಮಸಾಲೆ ಅರೆದು ಒಲೆಯ ಮುಂದೆ ನಿಂತವಳಿಗೆ ಕುತ್ತಿಗೆ ಮತ್ತು ತಳದ ಆಲೂಗಡ್ಡೆ ಉಳಿಯುತ್ತದೆ. ಪಾಪದ ಸಾಲಿನಲ್ಲಿ ಬೇಯಿಸಿದವಳನ್ನೂ ಬಡಿಸಿದವಳನ್ನೂ ಸೇರಿಸಿದ ಶಾಸ್ತ್ರ ಊಟದ ಸಾಲಿನಲ್ಲಿ ಅವಳಿಗೆ ಜಾಗ ಕೊಡುವುದನ್ನು ಮರೆಯಿತು. ಒಂದು ಜೀವ ಹೋಗಿರುವ ಊಟವನ್ನು ಹೀಗೆ ಹಂಚುವುದು ಆ ಜೀವಕ್ಕೂ ಮಾಡಿದ ಅಗೌರವ ಎಂದೇ ನಾನು ತಿಳಿಯುತ್ತೇನೆ. ಅಡುಗೆ ಮಾಡಿದವಳು ಎಲ್ಲರ ಜೊತೆ ಕೂತು, ತನ್ನ ಪಾಲನ್ನು ಕೇಳಿ ಹಾಕಿಸಿಕೊಳ್ಳುವಂತಿರಬೇಕು.

ಕೊನೆಯ ಆಕ್ಷೇಪ ಮಕ್ಕಳದ್ದು. ಇದನ್ನೆಲ್ಲ ಹೇಳಿದರೆ ಅವು ಊಟದ ಮುಂದೆ ಅಳುತ್ತವೆ, ಸುಮ್ಮನೆ ಉಣ್ಣಲಿ ಬಿಡಿ ಎಂದು ದೊಡ್ಡವರು ತಡೆಯುತ್ತಾರೆ. ಆದರೆ ಮಕ್ಕಳು ಕೇಳಿಯೇ ಕೇಳುತ್ತವೆ, ಸುಳ್ಳು ಹೇಳಿ ಬಡಿಸಿದ ತುತ್ತಿನಲ್ಲಿ ದಯೆ ಇರುವುದಿಲ್ಲ. ಕೇಳಿದ ಮಗುವಿಗೆ ಹೌದು, ಇದು ಬದುಕಿದ್ದ ಕೋಳಿ, ನಮಗಾಗಿ ಕೊಯ್ದದ್ದು ಎಂದು ಹೇಳಬೇಕು. ಹಾಗೆ ಕೇಳಿಸಿಕೊಂಡ ಒಂದು ಮಗು ಇನ್ನು ಮುಂದೆ ನನಗೆ ಬೇಡ ಎನ್ನಬಹುದು. ಆಗ ಗದರಿಸದೆ, ಗೇಲಿ ಮಾಡದೆ, ಅದನ್ನು ಅದೇ ಸಾಲಿನಲ್ಲಿ ಕೂರಿಸಿಕೊಂಡು ಉಣ್ಣುವುದು ಮನೆಯವರ ಕರ್ತವ್ಯ. ಕೋಳಿಯ ರಸ ಇಳಿದ ಆಲೂಗಡ್ಡೆಯನ್ನೇ ಆರಿಸಿ ಕೊಟ್ಟು ಇದರಲ್ಲಿ ಏನಿಲ್ಲ ಎಂದು ನಂಬಿಸಬಾರದು. ಆ ಮಗುವಿಗೆ ಇನ್ನೊಂದು ಸಣ್ಣ ಪಾತ್ರೆ ಒಲೆಯ ಮೇಲೆ ಇಡಬೇಕಾಗುತ್ತದೆ.