ಕೊಳ್ಳದ ಗಿರಾಕಿಯೂ ವರ್ತಕನ ಧರ್ಮವೂ

ಕೊಟ್ಟು ಕೊಳ್ಳುವುದು ಮುಗಿದ ಮೇಲೆ ಮಾರಿದವನಿಗೂ ಕೊಂಡವನಿಗೂ ನಡುವೆ ಇರುವ ಧರ್ಮವು ಸ್ಪಷ್ಟವಾದುದು. ಹಣವನ್ನು ಎಣಿಸಿಕೊಂಡವನು ಸರಕನ್ನು ಹೇಳಿದ ಗುಣಕ್ಕೂ ಅಳತೆಗೂ ಸರಿಯಾಗಿ ಕೊಡಬೇಕು. ಸರಕನ್ನು ಒಯ್ದವನು ಹಣವನ್ನು ಪೂರ್ತಿಯಾಗಿ ಸಲ್ಲಿಸಬೇಕು. ಇದಕ್ಕೆ ತಪ್ಪಿದರೆ ವಿಚಾರಿಸುವುದಕ್ಕೆ ನ್ಯಾಯಸ್ಥಾನವುಂಟು. ಆದರೆ ಅಂಗಡಿಯ ಮೆಟ್ಟಿಲೇರಿ ಬಂದು ಇನ್ನೂ ಏನನ್ನೂ ಕೊಳ್ಳದೆ ಇರುವವನಿಗೂ ಅಂಗಡಿಯವನಿಗೂ ನಡುವೆ ಇರುವ ಸಂಬಂಧವೆಂಥದು? ಅವನು ಇನ್ನೂ ಗಿರಾಕಿಯಲ್ಲ, ಅತಿಥಿಯೂ ಅಲ್ಲ, ಬರಿಯ ದಾರಿಹೋಕನೂ ಅಲ್ಲ. ಈ ತಿಂಗಳ ಅಕ್ಕಿಬೇಳೆಗೆ ದಾರಿಯಾಗುವವನು ಅವನೇ ಇರಬಹುದು. ಒಂದು ಹೊತ್ತನ್ನು ವ್ಯರ್ಥಮಾಡಿ ಎದ್ದುಹೋಗುವವನೂ ಅವನೇ ಇರಬಹುದು. 1872ರ ಒಪ್ಪಂದದ ಕಾಯದೆಯಂತೆ, ಒಬ್ಬನ ಸೂಚನೆಯನ್ನು ಮತ್ತೊಬ್ಬನು ಅಂಗೀಕರಿಸುವವರೆಗೆ ಕರಾರು ಹುಟ್ಟುವುದಿಲ್ಲ. ಕರಾರಿಲ್ಲದ ಕಡೆ ಕರ್ತವ್ಯವೂ ಇಲ್ಲವೇ? ಇದೆಯೆಂದಾದರೆ ಅದರ ಎಲ್ಲೆ ಯಾವುದು? ದೊಡ್ಡ ಸಂಸ್ಥೆಗಳಲ್ಲಿ ಸಂಬಳದ ನೌಕರನು ಮೇಲಿನವರ ನಿಯಮವನ್ನು ಮುಂದಿಟ್ಟು ಪಾರಾಗುತ್ತಾನೆ. ತನ್ನ ಗಾದಿಯ ಮೇಲೆ ತಾನೇ ಕುಳಿತ ಸಣ್ಣ ವರ್ತಕನಾದರೋ ದಿನಕ್ಕೆ ಹತ್ತು ಸಲ, ಎದುರಿಗೆ ಬಂದ ಮುಖವನ್ನು ನೋಡಿಕೊಂಡೇ, ಈ ಪ್ರಶ್ನೆಯನ್ನು ತೀರ್ಮಾನಿಸಬೇಕಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕೈಮಗ್ಗದ ಸೀರೆಗಳನ್ನು ಮಾರುವ ಒಂದು ಸಣ್ಣ ಅಂಗಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಊರಿನ ಸೀರೆಯ ವೈಶಿಷ್ಟ್ಯವು ಅದರ ಸೆರಗಿನಲ್ಲಿದೆ. ಹತ್ತಿಯ ಒಡಲಿನ ಹಾಸಿಗೆ ರೇಷ್ಮೆಯ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ, ಆಮೇಲೆ ನೇಯಬೇಕು. ಆದಕಾರಣ ಒಂದೊಂದು ಸೀರೆಗೂ ಹಾಸನ್ನು ಬೇರೆಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ನೂಲು ಸುತ್ತುವವರು, ಹಾಸು ಕೂಡಿಸುವವರು, ಮಗ್ಗದ ಮುಂದೆ ಕುಳಿತು ಲಾಳಿ ಎಸೆಯುವವರು, ಹೀಗೆ ಒಂದು ಮನೆಯವರ ಹಲವು ದಿನಗಳ ದುಡಿಮೆಯು ಒಂದು ಸೀರೆಯ ಮಡಿಕೆಯೊಳಗೆ ಅಡಗಿರುತ್ತದೆ. ನೋಟಕ್ಕೆ ಇದನ್ನೇ ಹೋಲುವ ಬಟ್ಟೆಯನ್ನು ವಿದ್ಯುತ್ ಮಗ್ಗವು ಬಹು ಬೇಗನೆ ನೇಯ್ದುಬಿಡುತ್ತದೆ. ಅದರ ಬೆಲೆಯೂ ಕಡಿಮೆ. ಎರಡನ್ನೂ ಪಕ್ಕದಲ್ಲಿ ಹರಡಿದರೆ ಬಲ್ಲವರಿಗಲ್ಲದೆ ಉಳಿದವರಿಗೆ ಭೇದವು ಕಾಣುವುದು ಕಷ್ಟ.

ಇಂಥ ಅಂಗಡಿಗೆ ಬರುವವರಲ್ಲಿ ಕಷ್ಟ ಕೊಡುವವರು ಹಲವು ಬಗೆಯವರು. ಒಬ್ಬರು ಬೋಣಿಗೆಯ ವೇಳೆಗೇ ಬಂದು, ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಅಂಗಡಿಕಾರನ ನಂಬಿಕೆಯನ್ನು ಬಲ್ಲವರಾದುದರಿಂದ, ಅಸಲಿಗಿಂತಲೂ ಕೆಳಗಿನ ಬೆಲೆಗೆ ಕೇಳುತ್ತಾರೆ. ಇನ್ನೊಬ್ಬರು ಮೂವತ್ತು ಸೀರೆಗಳನ್ನು ಬಿಚ್ಚಿಸಿ, ಮೂವತ್ತರಲ್ಲಿಯೂ ಒಂದೊಂದು ದೋಷವನ್ನು ಎತ್ತಿ ಹೇಳಿ, ಬಿಸಿಲು ಇಳಿಯುತ್ತಲೇ ಎದ್ದು ನಡೆಯುತ್ತಾರೆ. ಮತ್ತೊಬ್ಬರು ಮದುವೆಗೆಂದು ಹತ್ತು ಸೀರೆಗಳನ್ನು ನೇಯಿಸಬೇಕೆನ್ನುತ್ತಾರೆ. ಸಂಚಕಾರದ ಮಾತೆತ್ತಿದರೆ, ತಮ್ಮ ಮಾತಿನಲ್ಲಿ ನಂಬಿಕೆಯಿಲ್ಲವೇ ಎಂದು ಮುಖ ಬಿಗಿಯುತ್ತಾರೆ. ಮಗದೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, “ಯಾಕ್ರೀ ಸಾವಕಾರ್ರ, ಇದ ಸೀರಿ ಅಲ್ಲಿ ಅರ್ಧಾ ರೊಕ್ಕಕ್ಕ ಸಿಗತೈತಲ್ರೀ?” ಎಂದು ನಾಲ್ಕು ಜನರಿಗೆ ಕೇಳುವಂತೆ ನುಡಿಯುತ್ತಾರೆ. ಚಿತ್ರದಲ್ಲಿರುವುದು ವಿದ್ಯುತ್ ಮಗ್ಗದ ಬಟ್ಟೆ. ಆದರೆ ಕೇಳಿಸಿಕೊಂಡ ನಾಲ್ವರ ಮನಸ್ಸಿನಲ್ಲಿ ಉಳಿಯುವುದು ಅರ್ಧ ರೊಕ್ಕದ ಮಾತು.

ಈ ಸಂಕಟದಲ್ಲಿ ಅಂಗಡಿಕಾರನಿಗೆ ಎರಡು ಸುಲಭವಾದ ದಾರಿಗಳು ಕಾಣುತ್ತವೆ. ಒಂದು ಬಾಗುವುದು, ಮತ್ತೊಂದು ಸಿಡಿಯುವುದು. ಸಿಡಿಯುವುದರ ಕೆಡುಕು ಎಲ್ಲರಿಗೂ ತಿಳಿದದ್ದೇ. ಹೋದವನ ಮೇಲಿನ ಸಿಟ್ಟು ಬಂದವನ ಮೇಲೆ ತಿರುಗುತ್ತದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಮನೆಯವರೆಗೂ ಬೆನ್ನುಹತ್ತಿ ಹೋಗುತ್ತದೆ. ಬಾಗುವುದರ ಕೆಡುಕಾದರೋ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಗದ್ದಲಕ್ಕೆ ಹೆದರಿ ಬಿಟ್ಟುಕೊಟ್ಟ ಇನ್ನೂರು ರೂಪಾಯಿ ಎಲ್ಲಿಂದ ಬರಬೇಕು? ಒಂದೆರಡು ಸಲ ಅಂಗಡಿಕಾರನ ಲಾಭದಿಂದ ಬಂದೀತು. ಅದೇ ಪರಿಪಾಠವಾದರೆ ಮುಂದಿನ ವಾರ ನೇಕಾರನ ಮಜೂರಿಯಿಂದ ಬರುತ್ತದೆ. ಇಲ್ಲವೇ ಕೈಮಗ್ಗದ ಹೆಸರಿನಲ್ಲಿ ವಿದ್ಯುತ್ ಮಗ್ಗದ ಬಟ್ಟೆಯನ್ನು ಮಾರುವ ಸುಳ್ಳಿನಿಂದ ಬರುತ್ತದೆ. ಇಲ್ಲವೇ ಬೆಲೆಯನ್ನು ಮೊದಲೇ ಏರಿಸಿ ಹೇಳಿದ್ದರಿಂದ, ಚೌಕಾಶಿ ಮಾಡಲು ನಾಚಿ ಕೇಳಿದಷ್ಟನ್ನು ಕೊಟ್ಟುಹೋದ ಯಾರೋ ಒಬ್ಬ ಸೌಮ್ಯ ಸ್ವಭಾವದವರ ಗಂಟಿನಿಂದ ಬರುತ್ತದೆ. ಕೂಗಿದವನಿಗೆ ಸಿಕ್ಕಿದ ರಿಯಾಯಿತಿಯನ್ನು ಕೂಗದವನು ತೆರುತ್ತಾನೆ. ಕಷ್ಟದ ಗಿರಾಕಿಯ ಪ್ರಶ್ನೆಯು ಬರಿಯ ತಾಳ್ಮೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೆಂಬುದು ಇಲ್ಲಿ ಗೋಚರವಾಗುತ್ತದೆ. ವ್ಯವಹಾರವು ಇಬ್ಬರದೆಂದು ತೋರಿದರೂ, ಅಲ್ಲಿ ಹಾಜರಿಲ್ಲದ ಮತ್ತಿಬ್ಬರು ಅದರಲ್ಲಿ ಪಾಲುದಾರರು.

ತಾಳ್ಮೆಯ ವಿಷಯದಲ್ಲಿ ತಿರುವಳ್ಳುವರ ಹೆಸರಿನಲ್ಲಿ ಜನರು ಹೇಳುವ ಒಂದು ಕಥೆಯುಂಟು. ಅದು ಚರಿತ್ರೆಯಲ್ಲ, ಐತಿಹ್ಯ. ನೇಕಾರರಾಗಿದ್ದ ಅವರ ಬಳಿಗೆ ಶ್ರೀಮಂತರ ಮನೆಯ ಹುಡುಗನೊಬ್ಬನು ಬಂದು ಒಂದು ಸೀರೆಯ ಬೆಲೆಯನ್ನು ಕೇಳಿದನು. ಅವರು ಹೇಳಿದರು. ಅವನು ಅದನ್ನು ಎರಡಾಗಿ ಹರಿದು, ಅರ್ಧದ ಬೆಲೆಯೆಷ್ಟೆಂದನು. ಅವರು ಅರ್ಧ ಬೆಲೆಯನ್ನು ಹೇಳಿದರು. ಮತ್ತೆ ಹರಿದು ಮತ್ತೆ ಕೇಳಿದನು. ಅವರು ಅದರ ಅರ್ಧವನ್ನು ಹೇಳಿದರು. ಕೊನೆಗೆ, ಈ ಚಿಂದಿ ತನಗೆ ಬೇಡವೆಂದನು. ಅವರು ಅಹುದೆಂದು ಒಪ್ಪಿದರು. ಆ ಶಾಂತಿಯನ್ನು ಕಂಡು ನಾಚಿದ ಹುಡುಗನು ಪೂರ್ತಿ ಬೆಲೆಯನ್ನು ಕೊಡಲು ಬಂದಾಗ ಮಾತ್ರ ಅವರು ಕೈ ಒಡ್ಡಲಿಲ್ಲ. ಹತ್ತಿ ಬೆಳೆದವರ, ನೂತವರ, ನೇಯ್ದವರ ದುಡಿಮೆಯು ಯಾರಾದರೊಬ್ಬರು ಆ ಸೀರೆಯನ್ನು ಉಟ್ಟಿದ್ದರೆ ಸಾರ್ಥಕವಾಗುತ್ತಿತ್ತು. ಆ ನಷ್ಟವನ್ನು ಹಣವು ತುಂಬಲಾರದೆಂದರು.

ಈ ಕಥೆಯನ್ನು ಸಹನೆಯ ಮಹಿಮೆಗೆಂದು ಹೇಳುವುದು ವಾಡಿಕೆ. ಆದರೆ ಮಕ್ಕಳೊಂದಿಗನಾದ ಅಂಗಡಿಕಾರನು ದಿನಕ್ಕೊಂದು ಸೀರೆಯನ್ನು ಹರಿಯಗೊಟ್ಟು ಬದುಕಲಾರನು. ಹಾಗೆ ಬದುಕೆಂದು ಅವನಿಗೆ ಬೋಧಿಸುವುದು ಧರ್ಮವೂ ಆಗದು. ಕಥೆಯಲ್ಲಿ ಗಮನಿಸತಕ್ಕ ಅಂಶವು ಬೇರೊಂದಿದೆ. ಹುಡುಗನು ಎಷ್ಟು ಕೆಣಕಿದರೂ ವಳ್ಳುವರ ಲೆಕ್ಕವು ಕದಲಲಿಲ್ಲ. ಅರ್ಧಕ್ಕೆ ಅರ್ಧ, ಕಾಲಿಗೆ ಕಾಲು. ಕೋಪದಿಂದ ಒಂದು ಕಾಸು ಹೆಚ್ಚಲಿಲ್ಲ, ಭಯದಿಂದ ಒಂದು ಕಾಸು ತಗ್ಗಲಿಲ್ಲ. ತಪ್ಪನ್ನು ಹಣ ಚೆಲ್ಲಿ ಮುಚ್ಚಬಹುದೆಂಬ ಭಾವನೆಯನ್ನೂ ಅವರು ಒಪ್ಪದೆ, ಸತ್ಯವನ್ನು ಮುಖದ ಮೇಲೆಯೇ ಹೇಳಿದರು. ಅದು ದುರ್ಬಲನ ಸಹನೆಯಲ್ಲ. ಎದುರಿನವನ ನಡತೆಯು ತನ್ನ ಅಳತೆಗೋಲನ್ನು ಬಾಗಿಸಲು ಬಿಡದವನ ಸ್ಥೈರ್ಯ.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನ ಪ್ರಸಂಗವು ಇದೇ ತತ್ತ್ವವನ್ನು ಇನ್ನೂ ಬಿಚ್ಚಿ ತೋರಿಸುತ್ತದೆ. ಜಾಜಲಿಯೆಂಬ ತಪಸ್ವಿಯು ತನ್ನ ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟುವಷ್ಟು ನಿಶ್ಚಲನಾಗಿ ನಿಂತು, ಅದರಿಂದ ಗರ್ವಗೊಂಡಾಗ, ವಾರಾಣಸಿಯ ವರ್ತಕನಾದ ತುಲಾಧಾರನಿಗೆ ಅವನು ಸಮನಲ್ಲವೆಂಬ ಮಾತು ಕೇಳಿಬಂತು. ಅಸಮಾಧಾನದಿಂದಲೇ ಹುಡುಕಿಕೊಂಡು ಬಂದ ಅವನನ್ನು ಸರಕು ಮಾರುತ್ತಿದ್ದ ತುಲಾಧಾರನು ಎದ್ದು ಆದರಿಸಿದನು. ತನ್ನ ಧರ್ಮವೇನೆಂದು ವಿವರಿಸುವಾಗ ಆ ವರ್ತಕನು, ತನ್ನ ತಕ್ಕಡಿಯು ಎಲ್ಲ ಜೀವಿಗಳಿಗೂ ಸಮನಾಗಿದೆಯೆಂಬ ಅರ್ಥದ ಮಾತನ್ನು ಹೇಳುತ್ತಾನೆ. ತೂಕದ ಬಟ್ಟುಗಳಿಗೆ ಈಗ ಸರಕಾರದ ಮುದ್ರೆಯುಂಟು. ಮುದ್ರೆಯಿಲ್ಲದ ಬೇರೆ ಮೂರು ತಕ್ಕಡಿಗಳು ಪ್ರತಿ ಅಂಗಡಿಯಲ್ಲಿಯೂ ಇವೆ: ಬೆಲೆ, ಮಾತು, ಮುಖ. ಇವು ಬಂದವನ ಗದ್ದಲವನ್ನೋ ಉಡುಪನ್ನೋ ನೋಡಿ ಏರಿಳಿಯುವುದಾದರೆ, ಬಟ್ಟು ಸರಿಯಾಗಿದ್ದೂ ತೂಕವು ತಪ್ಪಿದಂತೆಯೇ.

ಇದು ಆಚರಣೆಗೆ ಬಾರದ ಆದರ್ಶವೇನೂ ಅಲ್ಲ. ಜಪಾನಿನ ಎದೋ ನಗರದಲ್ಲಿ 1673ರಲ್ಲಿ ಮಿತ್ಸುಯಿ ತಾಕಾತೋಶಿಯು ಎಚಿಗೋಯಾ ಎಂಬ ಜವಳಿ ಅಂಗಡಿಯನ್ನು ತೆರೆದನು. ಬೆಲೆಯನ್ನು ಗಿರಾಕಿಯ ಮೇಲೆ ನೋಡಿ ಹೇಳುವ ವಾಡಿಕೆಯಿದ್ದ ಕಾಲದಲ್ಲಿ ಆ ಅಂಗಡಿಯು ರೊಕ್ಕದ ಮಾರಾಟಕ್ಕೂ ಎಲ್ಲರಿಗೂ ಒಂದೇ ಬೆಲೆಗೂ ಹೆಸರಾಯಿತು. ಅದೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸನ ಅನುಯಾಯಿಗಳಾದ ಕ್ವೇಕರ್ ಪಂಥದ ವರ್ತಕರು, ಹೆಚ್ಚು ಹೇಳಿ ಕಡಿಮೆಗೆ ಇಳಿಯುವುದು ಸುಳ್ಳಾಡಿದಂತೆಯೇ ಎಂದು ಭಾವಿಸಿ ಒಂದೇ ಬೆಲೆಯನ್ನು ಹೇಳತೊಡಗಿದರು. ಮೊದಮೊದಲು ಅವರ ನಡೆನುಡಿಯನ್ನು ಒಪ್ಪದ ಗಿರಾಕಿಗಳು ದೂರವಾದರು. ಬರಬರುತ್ತ, ಚಿಕ್ಕ ಮಗುವನ್ನು ಕಳುಹಿಸಿದರೂ ಆ ಅಂಗಡಿಗಳಲ್ಲಿ ಮೋಸವಾಗದೆಂಬುದು ಜನರಿಗೆ ಮನವರಿಕೆಯಾಯಿತು. ಚೌಕಾಶಿ ಬಾರದ ಮಗುವಿಗೂ ಅದರಲ್ಲಿ ನುರಿತ ಹಿರಿಯನಿಗೂ ಒಂದೇ ಬೆಲೆಯಾದರೆ ಅದಕ್ಕಿಂತ ಸಮನಾದ ತಕ್ಕಡಿ ಯಾವುದು?

ಇಲ್ಲಿ ಒಂದು ಆಕ್ಷೇಪಣೆಯು ಸಹಜ. ಚೌಕಾಶಿಯೆಂಬುದು ಬಡವನ ಕೈಯಲ್ಲಿರುವ ಒಂದೇ ಆಯುಧ. ಬೆಲೆಯನ್ನು ಕಲ್ಲಿನಲ್ಲಿ ಕೆತ್ತಿಟ್ಟರೆ ಅವನ ಗತಿಯೇನು? ಈ ಮಾತಿನಲ್ಲಿ ಹುರುಳಿದೆ. ಕೈಲಾಗದವರಿಗೆ ಅಂಗಡಿಕಾರನು ತನ್ನ ಲಾಭವನ್ನು ಬಿಟ್ಟುಕೊಟ್ಟರೆ ತಕ್ಕಡಿಯು ಕೆಡುವುದಿಲ್ಲ. ಅದು ದಾನ, ಮತ್ತು ಅದನ್ನು ಕೊಡುವವನು ತಾನೇ. ಯಾವ ರಿಯಾಯಿತಿಯು ಯುಕ್ತ, ಯಾವುದು ಅಯುಕ್ತವೆಂಬುದಕ್ಕೆ ಒಂದು ಸರಳವಾದ ಒರೆಗಲ್ಲುಂಟು. ಬೆಲೆ ತಗ್ಗಿಸಿದ ಕಾರಣವನ್ನು, ಪೂರ್ತಿ ಬೆಲೆ ಕೊಟ್ಟ ಮತ್ತೊಬ್ಬ ಗಿರಾಕಿಯ ಎದುರಿಗೆ ನಾಚದೆ ಹೇಳಬಹುದೇ? “ಆಕೆಗೆ ಕಷ್ಟವಿತ್ತು” ಎಂದು ಹೇಳಬಹುದು, ಕೇಳಿದವರು ಮೆಚ್ಚುವರು. “ಹತ್ತು ಸೀರೆ ಒಟ್ಟಿಗೆ ಕೊಂಡರು” ಎಂದೂ ಹೇಳಬಹುದು. “ಅವರು ಗದ್ದಲ ಮಾಡಿದರು, ನೀವು ಮಾಡಲಿಲ್ಲ” ಎಂದು ಯಾರ ಎದುರಿಗೂ ಹೇಳಲಾಗದು. ಹೇಳಲಾಗದ ಕಾರಣಕ್ಕೆ ಕೊಟ್ಟ ರಿಯಾಯಿತಿಯು ಅನ್ಯಾಯ.

ಕಷ್ಟದ ಗಿರಾಕಿಯೆಂಬ ಹೆಸರನ್ನು ಅಂಟಿಸುವಲ್ಲಿಯೂ ಎಚ್ಚರಿಕೆ ಬೇಕು. ಮಗಳ ಮದುವೆಗೆಂದು ಎರಡು ವರ್ಷ ಕೂಡಿಟ್ಟ ಹಣವನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡು ಬಂದ ತಾಯಿಯೊಬ್ಬಳು ಒಂದೇ ಸೀರೆಯನ್ನು ಹತ್ತು ಸಲ ಬೆಳಕಿಗೆ ಹಿಡಿದು ನೋಡುತ್ತಾಳೆ. ಬಣ್ಣ ಹೋಗುವುದೇ ಎಂದು ನಾಲ್ಕು ಸಲ ಕೇಳುತ್ತಾಳೆ. ನಾಳೆ ಬರುವೆನೆಂದು ಹೋಗಿ, ನಾಳೆ ಬಂದು ಮತ್ತೆ ಮೊದಲಿನಿಂದ ಕೇಳುತ್ತಾಳೆ. ಅಂಗಡಿಕಾರನಿಗೆ ಬೇಸರವಾಗುವುದುಂಟು. ಆದರೆ ಅವಳಲ್ಲಿರುವುದು ಅವಿನಯವಲ್ಲ, ಅಂಜಿಕೆ. ಸಿರಿವಂತನು ಸೀರೆಯ ಆಯ್ಕೆಯಲ್ಲಿ ತಪ್ಪಿದರೆ ಇನ್ನೊಂದನ್ನು ಕೊಂಡಾನು. ಅವಳಿಗೆ ಎರಡನೆಯ ಸಲವೆಂಬುದಿಲ್ಲ. ಅವಳ ಹತ್ತನೆಯ ಪ್ರಶ್ನೆಗೂ ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಅದೇ ಧ್ವನಿಯಲ್ಲಿ ಕೊಡುವುದು ವರ್ತಕನ ಕರ್ತವ್ಯ. ಎಚ್ಚರಿಕೆಯವರನ್ನು ಉದ್ಧಟರೊಂದಿಗೆ ಸೇರಿಸಿ ಎಣಿಸುವ ಅಂಗಡಿಕಾರನು, ತನ್ನ ದಣಿವಿನ ತಪ್ಪನ್ನು ಬಡವರ ಮೇಲೆ ಹೊರಿಸಿದಂತೆ.

ಹಾಗಾದರೆ ನಿಜವಾಗಿಯೂ ಉದ್ಧಟನಾದವನಿಗೆ ಸರಕನ್ನು ನಿರಾಕರಿಸುವ ಅಧಿಕಾರವಿಲ್ಲವೇ? ಉಂಟು. ಆದರೆ ಆ ಅಧಿಕಾರಕ್ಕೆ ಒಂದು ಗೆರೆಯಿದೆ. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣದಿಂದ ಯಾರನ್ನೂ ಅಂಗಡಿಯ ಬಾಗಿಲಲ್ಲಿ ತಡೆಯಕೂಡದೆಂದು ವಿಧಿಸಿದೆ. ಅಂಗಡಿಯೆಂಬ ಶಬ್ದವನ್ನು ಅಲ್ಲಿ ಹೆಸರಿಸಿಯೇ ಹೇಳಿರುವುದು ಗಮನಾರ್ಹ. ಮೆಟ್ಟಿಲನ್ನು ಏರಗೊಡದೆ ದೂರದಿಂದಲೇ ಸರಕನ್ನು ಎಸೆದು ಕೊಟ್ಟ ಕಾಲವೊಂದಿತ್ತು. ಆ ಅವಮಾನವನ್ನು ಉಂಡವರೂ ಆಗ ‘ಕಷ್ಟದ ಗಿರಾಕಿ’ಗಳೆಂದೇ ಎಣಿಸಲ್ಪಟ್ಟಿದ್ದಿರಬಹುದು. ಮನುಷ್ಯನ ನಡತೆಗಾಗಿ ‘ಇಲ್ಲ’ವೆನ್ನಬಹುದು, ಹುಟ್ಟಿಗಾಗಿ ಎನ್ನಲಾಗದು.

ಆ ‘ಇಲ್ಲ’ವನ್ನು ಹೇಳುವುದರಲ್ಲಿಯೂ ಒಂದು ಕ್ರಮವುಂಟು. ಅದನ್ನು ಬೇಗನೆ ಹೇಳಬೇಕು; ಆಸೆ ತೋರಿಸಿ ಎಳೆದಾಡಿ ಕೊನೆಗೆ ಹೇಳಿದರೆ ಇಬ್ಬರ ಹೊತ್ತೂ ಹಾಳು. ಕಾರಣವನ್ನು ಸರಕಿನ ಮೇಲೆ ಹೇಳಬೇಕಲ್ಲದೆ ಮನುಷ್ಯನ ಮೇಲೆ ಹೇಳಬಾರದು. “ಇಲ್ಲರೀ ಅಕ್ಕಾರ, ಇದು ಕೈಮಗ್ಗದ್ದು, ಈ ಬೆಲಿಗೆ ಬರೂದಿಲ್ಲ, ನಿಮಗ ಅದ ಬೇಕಂದ್ರ ಪ್ಯಾಟ್ಯಾಗ ಸಿಗತೈತಿ” ಎಂಬ ಮಾತಿನಲ್ಲಿ ಸುಳ್ಳಿಲ್ಲ, ಹೀಯಾಳಿಕೆಯಿಲ್ಲ, ಹೋಗುವ ದಾರಿಯೂ ಇದೆ. ಸಂಚಕಾರವನ್ನು ಕೇಳುವುದಾದರೆ ಅಪರಿಚಿತನನ್ನೂ ಬೀಗನನ್ನೂ ಒಂದೇ ರೀತಿಯಲ್ಲಿ ಕೇಳಿ, ಚೀಟಿ ಬರೆದುಕೊಡಬೇಕು. ಎಲ್ಲರಿಗೂ ಇರುವ ನಿಯಮವು ಯಾರಿಗೂ ಅಪಮಾನವಾಗುವುದಿಲ್ಲ. ಕೊಳ್ಳದೆ ಹೋದವನ ಬೆನ್ನ ಹಿಂದೆ ಆಡುವ ಮಾತನ್ನಂತೂ ನುಂಗಿಕೊಳ್ಳಲೇಬೇಕು. ಅದನ್ನು ಕೇಳಿದ ಇನ್ನೊಬ್ಬ ಗಿರಾಕಿಯು, ತಾನು ಎದ್ದುಹೋದ ಮೇಲೆ ತನ್ನ ವಿಷಯದಲ್ಲಿ ಏನನ್ನುವರೋ ಎಂದು ಯೋಚಿಸದೆ ಇರಲಾರನು.

ಹೀಗೆ ನೋಡಿದರೆ, ಕರಾರಿಲ್ಲದ ಕಡೆಯೂ ಕರ್ತವ್ಯವುಂಟು. ಆದರೆ ಅದು ಮಿತವಾದುದು. ಮೆಟ್ಟಿಲೇರಿದ ಪ್ರತಿಯೊಬ್ಬನಿಗೂ ವರ್ತಕನು ಸತ್ಯವನ್ನೂ ಸಮವಾದ ಬೆಲೆಯನ್ನೂ ಸಭ್ಯವಾದ ಮಾತನ್ನೂ ಕೊಡಬೇಕಾದವನು. ನೇಕಾರನ ಮಜೂರಿಯನ್ನಾಗಲಿ, ಮೌನಿಯಾದ ಗಿರಾಕಿಯ ಪಾಲನ್ನಾಗಲಿ, ತನ್ನ ಮಾನವನ್ನಾಗಲಿ ಕೊಡಬೇಕಾದವನಲ್ಲ. ಮೊದಲಿನೆರಡು ಅವನ ಸ್ವತ್ತೇ ಅಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಬಿಚ್ಚಿದ ಮೂವತ್ತು ಸೀರೆಗಳನ್ನು ಅವನು ಒಂದೊಂದಾಗಿ ಮಡಿಸಿ ಇಡುತ್ತಾನೆ. ಒಂದೂ ಮಾರಾಟವಾಗಿರದ ದಿನದ ಆ ಕೆಲಸವು ಕಹಿಯಾದುದೇ ಸರಿ. ಆದರೆ ಸುಕ್ಕಿಲ್ಲದೆ ಮಡಿಸಿಟ್ಟ ಸೀರೆಯು ನಾಳೆ ಬರುವವರಿಗೆ ನಿನ್ನೆಯ ಜಗಳವನ್ನು ಹೇಳುವುದಿಲ್ಲ. ಅದರ ಬೆಲೆಯೂ ನಿನ್ನೆ ಇದ್ದಷ್ಟೇ ಇರುತ್ತದೆ.